ಎತ್ತಿನ ಸೋಮವಾರ, ಗಿರಣಿಯ ರವಿವಾರ

ನಮ್ಮ ನವಲಗುಂದ ಸೀಮೆಯ ಎರಿಹೊಲಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಏರುತ್ತಿರಲಿಲ್ಲ. ಯಾವ ಸರ್ಕಾರವೂ ಇದನ್ನು ಬರೆದು ಕೊಟ್ಟಿರಲಿಲ್ಲ. ಸೋಮವಾರ ಶಿವನ ವಾರ, ಎತ್ತು ಬಸವಣ್ಣ, ಆ ದಿನ ಬಸವಣ್ಣನ ಮೇಲೆ ಭಾರ ಹೇರಬಾರದು. ಇಷ್ಟೇ ಕಾಯ್ದೆ. ರಂಟೆ, ಕುಂಟೆ, ಕೂರಿಗೆ, ಚಕ್ಕಡಿ ಎಲ್ಲವೂ ಇದ್ದಲ್ಲೇ ಇರುತ್ತಿದ್ದವು. ಧಾರವಾಡ, ಗದಗ, ವಿಜಯಪುರ, ಬಾಗಲಕೋಟೆ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಈ ನೇಮ ಈಗಲೂ ಅಷ್ಟಿಷ್ಟು ಉಳಿದಿದೆ.

ಸೋಮವಾರ ಮುಂಜಾನೆ ನಮ್ಮ ಅಜ್ಜ ಎತ್ತುಗಳನ್ನು ಹಳ್ಳಕ್ಕೆ ಹೊಡೆದುಕೊಂಡು ಹೋಗುತ್ತಿದ್ದ. ಮೊಣಕಾಲುದ್ದ ನೀರಿನಲ್ಲಿ ನಿಲ್ಲಿಸಿ, ಹುಲ್ಲಿನ ಸಿವುಡನ್ನು ಮುದುಡಿ ಬೆನ್ನು, ಪಕ್ಕೆ, ತೊಡೆ ಉಜ್ಜುತ್ತಿದ್ದ. ಆಮೇಲೆ ನೊಗ ಕೂರುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುವುದು. ಎತ್ತು ಚರ್ಮ ನಡುಗಿಸಿ ಸರಿದು ನಿಂತಿತೆಂದರೆ ಅಲ್ಲಿ ಬಾವು ಇದೆ ಎಂದರ್ಥ. ಮನೆಗೆ ಬಂದು ಎಣ್ಣೆ ಬೆಚ್ಚಗೆ ಮಾಡಿ ಆ ಜಾಗಕ್ಕೆ ತಿಕ್ಕುತ್ತಿದ್ದ. ಹೂಡಿದ ದಿನ ಇದನ್ನೆಲ್ಲ ನೋಡಲು ಪುರಸೊತ್ತು ಇರುವುದಿಲ್ಲ. ಸಂಜೆ ದಣಿದು ಬಂದ ಎತ್ತು ಮೇವಿಗೆ ಬಾಯಿ ಹಾಕಿದರೆ ಸಾಕು ಅನ್ನಿಸುತ್ತದೆ. ಬಿತ್ತಿಗೆಯ ದಿನಗಳಲ್ಲಿ ಹೆಗಲು ಕೆತ್ತಿದ ಎತ್ತು ವಾರಗಟ್ಟಲೆ ಕೆಲಸಕ್ಕೆ ಬಾರದು ಎಂಬುದು ಒಕ್ಕಲಿಗನಿಗೆ ಗೊತ್ತು. ಭಕ್ತಿಯಲ್ಲಿ ಈ ಲೆಕ್ಕವೂ ಸೇರಿತ್ತೆಂದು ನಾನು ನಂಬುತ್ತೇನೆ. ಅದರಿಂದ ಭಕ್ತಿಯ ತೂಕವೇನೂ ಕಡಿಮೆಯಾಗುವುದಿಲ್ಲ.

ಆದರೆ ಈ ನೇಮದ ಬೆಲೆ ತಿಳಿಯುವುದು ಹದದ ದಿನವೇ. ಎರಿಭೂಮಿ ಮಳೆಯಾದ ಕೂಡಲೇ ಕಾಲಿಡಗೊಡುವುದಿಲ್ಲ, ಕಾಲಿಗೆ ಹೆಂಟೆಹೆಂಟೆಯಾಗಿ ಮೆತ್ತಿಕೊಳ್ಳುತ್ತದೆ. ಎರಡು ದಿನ ಬಿಸಿಲು ಬಿದ್ದ ಮೇಲೆ ಹದ ಬರುತ್ತದೆ. ಇನ್ನೂ ನಾಲ್ಕು ದಿನ ಬಿಟ್ಟರೆ ಮೇಲ್ಪದರ ಒಣಗಿ ಬಿರುಕು ಬಿಡುತ್ತದೆ. ಹಿಂಗಾರಿ ಜೋಳಕ್ಕೆ, ಕಡಲೆಗೆ, ಕುಸುಬೆಗೆ ಸಿಗುವುದು ಈ ನಡುವಿನ ದಿನಗಳು ಮಾತ್ರ. ಆ ಹದ ಸೋಮವಾರವೇ ಬಂದರೆ? ಕೂರಿಗೆ ಸಜ್ಜಾಗಿದೆ, ಬೀಜ ತಯಾರಿದೆ, ಮೋಡ ಮತ್ತೆ ಕಟ್ಟುತ್ತಿದೆ. ನನ್ನ ಅಪ್ಪನಿಗೆ ಆಗ ಹರೆಯ. ಒಮ್ಮೆ ಅಂಥ ಸೋಮವಾರ ಅಜ್ಜನ ಮುಂದೆ ನಿಂತು, ‘ಇವತ್ತೊಂದಿನ ಹೂಡೂಣೇನಪಾ, ನಾಳೆ ಮಳಿ ಆದ್ರ ಏನ್ ಮಾಡ್ತಿ?’ ಎಂದು ಕೇಳಿದ್ದನಂತೆ. ಅಜ್ಜ ಹೇಳಿದ್ದು: ‘ಊರಾಗ ಯಾರರೆ ಹೂಡ್ಯಾರೇನು ನೋಡಿ ಬಾ.’ ಯಾರೂ ಹೂಡಿರಲಿಲ್ಲ.

ಆ ಉತ್ತರದಲ್ಲೇ ಇಡೀ ಪದ್ಧತಿಯ ಒಳಗುಟ್ಟಿದೆ. ಎಲ್ಲರೂ ನಿಂತಿದ್ದರಿಂದ ನಿಂತವನಿಗೆ ನಷ್ಟವಿರಲಿಲ್ಲ. ನಾನು ಬಿಟ್ಟ ದಿನ ಪಕ್ಕದ ಹೊಲದವನೂ ಬಿಟ್ಟಿರುತ್ತಿದ್ದ. ಒಬ್ಬನೇ ಹೂಡಬೇಕೆಂದರೂ ಸುಲಭವಿರಲಿಲ್ಲ. ಒಂದೇ ಎತ್ತಿದ್ದವರು ಇನ್ನೊಬ್ಬರ ಎತ್ತಿನ ಜೊತೆ ಜೋಡಿ ಮಾಡಿಕೊಳ್ಳಬೇಕು. ಕೂರಿಗೆಯ ಹಿಂದೆ ಬೀಜ ಹಿಡಿಯಲು ಮುಯ್ಯಾಳು ಬೇಕು. ಊರು ಒಪ್ಪದ ದಿನ ಇವರ್ಯಾರೂ ಬರುತ್ತಿರಲಿಲ್ಲ. ಹಟ ಹಿಡಿದು ಹೂಡಿದವನನ್ನು ಚಾವಡಿಗೆ ಕರೆಸಿ, ಗುಡಿಯ ದೀಪಕ್ಕೆ ಎಣ್ಣೆ ಕೊಡುವಂತೆ ದಂಡ ಹಾಕಿದ್ದನ್ನು ಹಿರಿಯರು ಹೇಳುತ್ತಿದ್ದರು.

ಗ್ರಾಮದೇವತೆಯ ಹೆಸರಿನಲ್ಲಿ ‘ವಾರ ಬಿಡುವುದು’ ಇದಕ್ಕಿಂತ ಗಟ್ಟಿ. ಜಾತ್ರೆಗೆ ಮುಂಚೆಯೋ, ಮಳೆ ಹೋದಾಗಲೋ ಊರಿನವರು ಕೂಡಿ ಐದು ಮಂಗಳವಾರವೋ ಶುಕ್ರವಾರವೋ ಬಿಡಬೇಕೆಂದು ಗೊತ್ತು ಮಾಡುತ್ತಾರೆ. ಹಿಂದಿನ ರಾತ್ರಿ ಡಂಗುರ ಬೀಳುತ್ತದೆ: ನಾಳೆ ಹೊಲಕ್ಕೆ ಹೋಗುವಂತಿಲ್ಲ. ಕೆಲವು ಊರುಗಳಲ್ಲಿ ರೊಟ್ಟಿ ಬಡಿಯುವುದೂ ಇಲ್ಲ. ಒಲೆಗೆ ಬಿಡುವು ಕೊಟ್ಟ ಆ ಭಾಗ ನನಗೆ ಬಹಳ ಪ್ರಿಯ. ಉಳಿದ ಯಾವ ರಜೆಯೂ ಹೆಂಗಸರನ್ನು ನೆನೆಸಿಕೊಂಡದ್ದು ಅಪರೂಪ.

ಸೋಮವಾರವಂತೂ ನೆನೆಸಿಕೊಳ್ಳಲಿಲ್ಲ. ಅಂದು ಅಂಗಳ ಸಾರಿಸುವುದು, ಪೂಜೆಯ ಮಡಿ, ಹೋಳಿಗೆ ಇಲ್ಲವೆ ಕಡಬು ಸೇರಿ ಅಜ್ಜಿಗೆ ಕೆಲಸ ಹೆಚ್ಚೇ ಇರುತ್ತಿತ್ತು. ಜೀತದಾಳಿಗೂ ಬಿಡುವಿರಲಿಲ್ಲ. ಎತ್ತು ಗ್ವಾದಲಿಯ ಮುಂದೆ ಮಲಗಿ ಮೆಲುಕು ಹಾಕುತ್ತಿದ್ದರೆ, ಆತ ಸೆಗಣಿ ಬಳಿದು, ಕಣಿಕೆ ಕತ್ತರಿಸಿ, ಪುಂಡಿಯ ನಾರಿನಲ್ಲಿ ಹಗ್ಗ ಹೊಸೆಯುತ್ತ ಕೂರುತ್ತಿದ್ದ. ಸಾಲದ ಬಾಬತ್ತಿಗೆ ವರ್ಷಗಟ್ಟಲೆ ದುಡಿದ ಮನುಷ್ಯನಿಗೆ ಎತ್ತಿನಷ್ಟೂ ರಜೆ ಇರಲಿಲ್ಲ. ಜೀತ ಕಾನೂನಿನಲ್ಲಿ ರದ್ದಾದದ್ದು 1976ರಲ್ಲಿ. ಹಳ್ಳಿಯ ಹಳೆಯ ಬಾಳನ್ನು ಹಾಡಿ ಹೊಗಳುವವರು ಈ ಮಾತನ್ನು ಬಿಟ್ಟು ಮಾತಾಡಬಾರದು ಎಂಬುದು ನನ್ನ ಖಂಡಿತ ಅಭಿಪ್ರಾಯ.

ಮನುಷ್ಯನ ವಾರದ ರಜೆಗಾಗಿ ಮನುಷ್ಯನೇ ಹೋರಾಡಬೇಕಾಯಿತು. ಆ ಕಥೆ ಮುಂಬಯಿಯದು. ಆಗ ಧಾರವಾಡ, ಬೆಳಗಾವಿ, ವಿಜಯಪುರ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲೇ ಇದ್ದುದರಿಂದ ನಮ್ಮದೂ ಹೌದು. 1850ರ ದಶಕದಲ್ಲಿ ಶುರುವಾದ ಹತ್ತಿ ಗಿರಣಿಗಳು ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ನಡೆಯುತ್ತಿದ್ದವು. ವಾರಕ್ಕೊಂದು ರಜೆ ಎಂಬುದೇ ಇರಲಿಲ್ಲ, ದೊಡ್ಡ ಹಬ್ಬಗಳಿಗಷ್ಟೇ ಬಾಗಿಲು ಮುಚ್ಚುತ್ತಿದ್ದವು. 1881ರ ಮೊದಲ ಫ್ಯಾಕ್ಟರಿ ಕಾಯ್ದೆ ಏಳರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ ಒಂಬತ್ತು ತಾಸಿನ ಮಿತಿ, ತಿಂಗಳಿಗೆ ನಾಲ್ಕು ರಜೆ ಕೊಟ್ಟಿತು. ದೊಡ್ಡವರಿಗೆ ಏನೂ ಇಲ್ಲ.

ನಾರಾಯಣ ಮೇಘಾಜಿ ಲೋಖಂಡೆ ಬಂದದ್ದು ಆಗ. ಠಾಣೆಯಲ್ಲಿ 1848ರಲ್ಲಿ ಹುಟ್ಟಿದವರು. ಗಿರಣಿಯಲ್ಲಿ ಸ್ಟೋರ್‌ಕೀಪರ್ ಆಗಿ ದುಡಿದು ಒಳಗಿನ ಬಾಳನ್ನು ಕಣ್ಣಾರೆ ಕಂಡವರು, ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ಒಡನಾಡಿ, 'ದೀನಬಂಧು' ಪತ್ರಿಕೆಯ ಸಂಪಾದಕ. 1884ರ ಸೆಪ್ಟೆಂಬರಿನಲ್ಲಿ ಅವರು ಸಭೆ ಸೇರಿಸಿ, 5,500 ಕೂಲಿಗಳ ಸಹಿಯ ಮನವಿ ಸಿದ್ಧಪಡಿಸಿದರು. ರವಿವಾರ ರಜೆ, ಮಧ್ಯಾಹ್ನ ಅರ್ಧ ತಾಸು ಬಿಡುವು, ಮುಂದಿನ ತಿಂಗಳ 15ರೊಳಗೆ ಪಗಾರ, ಗಾಯಗೊಂಡವರಿಗೆ ಪರಿಹಾರ. ಬೇಡಿಕೆಗಳನ್ನು ಓದಿದರೆ ಎಷ್ಟು ಕಡಿಮೆ ಕೇಳಿದ್ದಾರಲ್ಲ ಎಂದು ಸಂಕಟವಾಗುತ್ತದೆ. ಅದನ್ನು ಪಡೆಯಲೂ ವರ್ಷಗಳೇ ಹಿಡಿದವು. 1890ರ ಏಪ್ರಿಲ್ 24ರಂದು ಸುಮಾರು ಹತ್ತು ಸಾವಿರ ಕೂಲಿಗಳು ಸಭೆ ಸೇರಿದರು. ಇಬ್ಬರು ಹೆಣ್ಣುಮಕ್ಕಳು ಎದ್ದು ಮಾತಾಡಿದರು. ಜೂನ್ 10ರಂದು ಗಿರಣಿ ಮಾಲೀಕರ ಸಂಘ ರವಿವಾರದ ರಜೆಗೆ ಒಪ್ಪಿತು. ಮರುವರ್ಷ, 1891ರ ತಿದ್ದುಪಡಿಯಲ್ಲಿ ಅದು ಕಾಯ್ದೆಯಾಯಿತು.

ಈ ಕಾಯ್ದೆಗಳ ಹಿಂದೆ ಇಂಗ್ಲೆಂಡಿನ ಲ್ಯಾಂಕಾಷೈರ್ ಗಿರಣಿ ಮಾಲೀಕರ ಸ್ವಾರ್ಥವೂ ಇತ್ತು. ಹಿಂದುಸ್ತಾನದ ಅಗ್ಗದ ನೂಲು ಅವರನ್ನು ಕಾಡುತ್ತಿತ್ತು, ಇಲ್ಲಿನ ಗಿರಣಿಗಳಿಗೆ ಕಡಿವಾಣ ಬೀಳಲೆಂದು ಅವರು ಒತ್ತಾಯ ಹೇರಿದ್ದರು. ಅದೇ ಕಾರಣಕ್ಕೆ ನಮ್ಮ ರಾಷ್ಟ್ರೀಯವಾದಿ ಪತ್ರಿಕೆಗಳಲ್ಲಿ ಹಲವು ಈ ಕಾಯ್ದೆಗಳನ್ನು ವಿರೋಧಿಸಿದವು. ದೇಶದ ಉದ್ದಿಮೆ ಉಳಿಯಲಿ ಎಂಬ ಅವರ ಕಳಕಳಿ ನಿಜವಾದದ್ದೇ. ಆದರೂ ಆ ಹತ್ತು ಸಾವಿರ ಜನರ ಜೊತೆ ನಿಂತವರೇ ನನಗೆ ದೊಡ್ಡವರಾಗಿ ಕಾಣುತ್ತಾರೆ.

ರವಿವಾರ ಚರ್ಚಿನ ದಿನವೆಂದು ನಾವು ತಿಳಿದಿದ್ದೇವೆ. ದಖ್ಖನ್ನಿನಿಂದ ಗಿರಣಿಗೆ ಬಂದ ಎಷ್ಟೋ ಮರಾಠಿ ಮನೆಗಳಿಗೆ ಅದು ಖಂಡೋಬನ ವಾರವೂ ಹೌದು. ಆ ಖಂಡೋಬನೇ ನಮ್ಮ ಮೈಲಾರಲಿಂಗ. ಹೂವಿನಹಡಗಲಿಯ ಮೈಲಾರಕ್ಕೆ ನಡೆದುಕೊಳ್ಳುವವರು ಇಂದಿಗೂ ರವಿವಾರ ಹಿಡಿಯುತ್ತಾರೆ. ಹೀಗಾಗಿ ಕೂಲಿಗಳಿಗೆ ಆ ದಿನ ಪರಕೀಯವೆನಿಸಬೇಕಿರಲಿಲ್ಲ.

1891ರ ಆ ಕಾಯ್ದೆಯ ಕೆಳಗೆ ನಮ್ಮ ಗೋಕಾಕ ಫಾಲ್ಸಿನ ಗಿರಣಿಯೂ ಬಂತು. ಘಟಪ್ರಭಾ ನದಿಯ ಧುಮುಕುವ ನೀರಿನ ಬಲದಲ್ಲಿ 1880ರ ದಶಕದಲ್ಲಿ ಶುರುವಾದದ್ದು. ಸುತ್ತಲಿನ ಹಳ್ಳಿಯ ಒಕ್ಕಲು ಮಕ್ಕಳು ಅಲ್ಲಿ ನೂಲಿಗೆ ಸೇರಿದಾಗ ಅವರ ವಾರವೇ ಬದಲಾಯಿತು. ಮನೆಯ ಎತ್ತಿಗೆ ಸೋಮವಾರ ರಜೆ, ಮಗನಿಗೆ ರವಿವಾರ.

2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1948ರ ಫ್ಯಾಕ್ಟರಿ ಕಾಯ್ದೆಯ 52ನೇ ಕಲಮು ಇಂದಿನ ಕೆಲಸಗಾರನಿಗೂ ಗೊತ್ತಿರಬೇಕು. ರವಿವಾರ ದುಡಿಸಬೇಕಾದರೆ ಅದರ ಹಿಂದಿನ ಅಥವಾ ಮುಂದಿನ ಮೂರು ದಿನಗಳೊಳಗೆ ಪೂರ್ತಿ ಒಂದು ದಿನ ರಜೆ ಕೊಡಬೇಕಿತ್ತು. ಇನ್‌ಸ್ಪೆಕ್ಟರಿಗೆ ಮೊದಲೇ ತಿಳಿಸಬೇಕಿತ್ತು, ಕಾರ್ಖಾನೆಯಲ್ಲಿ ನೋಟಿಸು ಹಚ್ಚಬೇಕಿತ್ತು. ಹಾಗೆ ಬದಲಿಸಿದರೂ ಪೂರ್ತಿ ದಿನದ ರಜೆಯಿಲ್ಲದೆ ಸತತ ಹತ್ತು ದಿನಕ್ಕಿಂತ ಹೆಚ್ಚು ದುಡಿಸುವಂತಿರಲಿಲ್ಲ. ಬರೆದವರಿಗೆ ಕೆಲಸದ ತುರ್ತೂ ಗೊತ್ತಿತ್ತು, ಆ ತುರ್ತಿನ ನೆಪವೂ ಗೊತ್ತಿತ್ತು.

ಊರಿನ ಸೋಮವಾರವನ್ನು ಸಡಿಲಿಸಿದ್ದು ಟ್ರ್ಯಾಕ್ಟರು. ಅದಕ್ಕೆ ಬಾಯುವ ಹೆಗಲಿಲ್ಲ. ಬಾಡಿಗೆಯ ಟ್ರ್ಯಾಕ್ಟರು ಇಂದು ಈ ಹೊಲ, ನಾಳೆ ಆ ಹೊಲ ಎಂದು ಸರತಿಯಲ್ಲಿ ಬರುತ್ತದೆ. ನಿನ್ನ ಸರತಿ ಸೋಮವಾರ ಬಿದ್ದು ನೀನು ಬೇಡವೆಂದರೆ ಮತ್ತೆ ವಾರ ಕಾಯಬೇಕು. ಮೊದಲು ಒಬ್ಬರು ಬಿತ್ತಿಸಿದರು, ಆಮೇಲೆ ನಾಲ್ವರು, ಈಗ ಬಹುತೇಕ ಎಲ್ಲರೂ. ಯಾರ ಭಕ್ತಿಯೂ ಕಡಿಮೆಯಾಗಲಿಲ್ಲ, ಎಲ್ಲರೂ ಕೂಡಿ ನಿಲ್ಲುವುದು ಮಾತ್ರ ತಪ್ಪಿತು. ಇನ್ನೂ ಎತ್ತು ಕಟ್ಟಿರುವ ನಾಲ್ಕಾರು ಮನೆಯವರು ನೇಮ ಬಿಟ್ಟಿಲ್ಲ. ಅವರನ್ನು ಕಂಡರೆ ನನಗೆ ಗೌರವ.

ಪೇಟೆಯಲ್ಲೂ ಇದೇ ಆಯಿತು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಅಂಗಡಿ ವಾರಕ್ಕೊಂದು ದಿನ ಬಾಗಿಲು ಹಾಕಬೇಕಿತ್ತು. 2021ರ ಜನವರಿಯ ಸರ್ಕಾರಿ ಆದೇಶ, ಹತ್ತು ಅಥವಾ ಹೆಚ್ಚು ಜನರಿರುವ ಅಂಗಡಿಗಳು ವರ್ಷವಿಡೀ ಹಗಲಿರುಳು ತೆರೆದಿರಲು ಅವಕಾಶ ಕೊಟ್ಟಿತು. ಕೆಲಸಗಾರನಿಗೆ ಸರದಿಯ ಮೇಲೆ ವಾರಕ್ಕೊಂದು ರಜೆ ಉಳಿಯಿತು. ಅಂಗಡಿ ಮುಚ್ಚಿದ್ದಾಗ ಯಾರೂ ಯಾರನ್ನೂ ಕೆಲಸಕ್ಕೆ ಕರೆಯುವಂತಿರಲಿಲ್ಲ. ತೆರೆದಿರುವ ಅಂಗಡಿ ರಜೆಯಲ್ಲಿದ್ದವನನ್ನೂ ಕರೆಯುತ್ತದೆ.

ನನ್ನ ತಂಗಿಯ ಮಗ ಹುಬ್ಬಳ್ಳಿಯ ಒಂದು ದೊಡ್ಡ ಅಂಗಡಿಯಲ್ಲಿದ್ದಾನೆ. ಅವನ ಮಾಲೀಕರು ರಜೆಯ ದಿನ ಬಲವಂತ ಮಾಡುವುದಿಲ್ಲ, ‘ಬೇಕಾದ್ರ ಬಾ, ಬ್ಯಾಡಾದ್ರ ಬಿಡು’ ಎನ್ನುತ್ತಾರೆ. ಬಂದವನಿಗೆ ಅಂದಿನ ಪಗಾರ ಸಿಗುತ್ತದೆ, ಬಾರದವನ ಹೆಸರು ಮಾಲೀಕರ ನೆನಪಿನಲ್ಲಿ ಉಳಿಯುತ್ತದೆ. ಹೋದ ದೀಪಾವಳಿಗೆ ಬಂದಾಗ, ‘ಮಾಮಾ, ಹೋಗೂದೋ ಬಿಡೂದೋ ನೀನ ಹೇಳು’ ಅಂದ. ಅವನ ಮನೆಯ ಖರ್ಚು ನನಗೆ ಗೊತ್ತು, ಬಿಡು ಎಂದು ಸುಮ್ಮನೆ ಹೇಳಿಬಿಡುವ ಹಕ್ಕು ನನಗಿಲ್ಲ. ‘ನಿನ್ನ ಜೊತಿ ದುಡಿಯೂ ಮಂದಿ ಏನಂತಾರ, ಮೊದಲ ಅದನ್ನ ಕೇಳಿಕೊಂಡು ಬಾ’ ಎಂದೆ. ಈಗ ಅವರೆಲ್ಲ ಕೂಡಿ ಮಾತಾಡಿಕೊಂಡಿದ್ದಾರೆ, ಹಬ್ಬದ ಸೀಜನ್ ಬಿಟ್ಟು ಉಳಿದ ತಿಂಗಳುಗಳಲ್ಲಿ ರಜೆಯ ದಿನ ಯಾರೂ ಹೋಗಬಾರದೆಂದು. ಇಬ್ಬರು ಇನ್ನೂ ಒಪ್ಪಿಲ್ಲ, ಒಬ್ಬನಿಗೆ ಸಾಲವಿದೆಯಂತೆ. ಅವನ ಕಂತಿಗೆ ಉಳಿದವರು ಕೈಗೂಡಿಸಬಹುದೇ ಎಂಬ ಮಾತು ನಡೆದಿದೆ.