ಸೆಕೆಂಡಿನ ಲೆಕ್ಕದಲ್ಲಿ ಸುರಕ್ಷತೆ: ಅಮೆರಿಕದ ಹವ್ಯಾಸಿ ಡ್ರ್ಯಾಗ್ ರೇಸಿನ ತಪಾಸಣಾ ನಿಯಮಗಳು ಬೆಳೆದುಬಂದ ಬಗೆ

ಡ್ರ್ಯಾಗ್ ರೇಸ್ ನಿಂತಲ್ಲಿಂದ ಹೊರಡುವ ಪಂದ್ಯ. ಎರಡು ಗಾಡಿಗಳು ಪಕ್ಕಪಕ್ಕದಲ್ಲಿ ನಿಂತು, ಹಸಿರು ದೀಪ ಹತ್ತಿದೊಡನೆ ಹೊರಟು, ನೇರವಾದ ಟ್ರ್ಯಾಕಿನಲ್ಲಿ ಕಾಲು ಮೈಲಿ ದೂರವನ್ನೋ ಅದರರ್ಧವನ್ನೋ ಓಡುತ್ತವೆ. ಕಾಲು ಮೈಲಿ ಎಂದರೆ ಸುಮಾರು 402 ಮೀಟರ್. ಸಾಮಾನ್ಯ ಕಾರಿಗೆ ಹದಿನೈದು ಹದಿನಾರು ಸೆಕೆಂಡಿನ ಕೆಲಸ. ಅಮೆರಿಕದಲ್ಲಿ ಈ ಪಂದ್ಯಕ್ಕೆ ಇಳಿಯುವವರಲ್ಲಿ ಬಹುಪಾಲು ಮಂದಿ ವೃತ್ತಿಪರರಲ್ಲ. ವಾರವೆಲ್ಲ ಬೇರೆ ಕೆಲಸ ಮಾಡಿ, ಶನಿವಾರ ಸಂಜೆ ತಮ್ಮದೇ ಕಾರನ್ನು ಟ್ರ್ಯಾಕಿಗೆ ತರುವವರು. ಆ ಕಾರು ಸಾಲಿಗೆ ಸೇರುವ ಮುನ್ನ ಪರಿಶೀಲಕನ ಮುಂದೆ ನಿಲ್ಲಬೇಕು. ಬಾನೆಟ್ ಎತ್ತಿ, ಚಕ್ರ ಅಲುಗಿಸಿ, ಹೆಲ್ಮೆಟ್ಟಿನ ಒಳಗಿನ ಚೀಟಿ ಓದಿ, ಅವನು ಕಾರ್ಡಿಗೆ ಸಹಿ ಹಾಕಿದ ಮೇಲೆಯೇ ಓಟ. ಈ ತಪಾಸಣೆಗೆ ಆಧಾರವಾದ ನಿಯಮಗಳನ್ನು ಬರೆದದ್ದು ಯಾವ ಶಾಸನಸಭೆಯೂ ಅಲ್ಲ. ಪಂದ್ಯ ನಡೆಸುವ ಸಂಘಗಳು ತಾವೇ ಅವನ್ನು ಕಟ್ಟಿಕೊಂಡವು. ಆ ನಿಯಮಗಳಲ್ಲಿ ಹಲವು, ಯಾವುದೋ ಒಂದು ಭಾಗ ಮುರಿದು ಯಾರಿಗೋ ಪೆಟ್ಟಾದ ಮೇಲೆ ಬಂದವು.

ಪದ್ಧತಿಯ ಬೇರು ದಕ್ಷಿಣ ಕ್ಯಾಲಿಫೋರ್ನಿಯಾದ ಒಣಕೆರೆಗಳಲ್ಲಿದೆ. ಮ್ಯುರಾಕ್, ಎಲ್ ಮಿರಾಜ್ ಮುಂತಾದ ಗಟ್ಟಿ ಮಣ್ಣಿನ ಕೆರೆಯಂಗಳಗಳಲ್ಲಿ 1930ರ ದಶಕದಿಂದಲೇ ಯುವಕರು ಹಳೆಯ ಫೋರ್ಡ್ ಕಾರುಗಳನ್ನು ಬಿಚ್ಚಿ ಹಗುರ ಮಾಡಿ ಓಡಿಸುತ್ತಿದ್ದರು. 1937ರಲ್ಲಿ ಅಲ್ಲಿನ ಕ್ಲಬ್ಬುಗಳು ಸೇರಿ ‘ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್’ ಎಂಬ ಸಂಘ ಮಾಡಿಕೊಂಡವು. ವೇಗವನ್ನು ಒಪ್ಪುವಂತೆ ಅಳೆಯುವುದು ಅದರ ಕೆಲಸವಾಗಿತ್ತು, ಆದರೆ ಅಳತೆಗೆ ನಿಲ್ಲುವ ಗಾಡಿ ಓಟ ಮುಗಿಯುವವರೆಗೆ ಒಡೆಯದೆ ಉಳಿಯುವಂತೆ ನೋಡುವ ಹೊಣೆಯೂ ಅದರ ಹೆಗಲಿಗೇ ಬಿತ್ತು.

ಅಪಾಯ ಎಲ್ಲಿತ್ತೆಂಬುದು ಆ ಗಾಡಿಗಳ ರಚನೆಯಿಂದಲೇ ತಿಳಿಯುತ್ತದೆ. ಫೋರ್ಡ್ ಕಂಪನಿ ತನ್ನ ವಿ-8 ಎಂಜಿನನ್ನು 1932ರಲ್ಲಿ ಹೊರತಂದಿತು. ಹೈಡ್ರಾಲಿಕ್ ಬ್ರೇಕನ್ನು ಕೊಟ್ಟದ್ದು 1939ರ ಮಾದರಿಯಲ್ಲಿ. ಹಾಗಾಗಿ ಹಗುರವಾದ ಹಳೆಯ ಮಾಡೆಲ್ ಎ ಚೌಕಟ್ಟಿಗೆ ವಿ-8 ಕೂರಿಸಿದವನ ಬಳಿ ಹೊಸ ಕಾಲದ ಎಂಜಿನ್ನೂ ಕಡ್ಡಿಗಳಿಂದ ಎಳೆಯುವ ಹಳೆಯ ಬ್ರೇಕೂ ಒಟ್ಟಿಗೆ ಇರುತ್ತಿದ್ದವು. ಶಕ್ತಿ ಹೆಚ್ಚಿಸುವ ಉತ್ಸಾಹ ಮೊದಲು ಬರುತ್ತದೆ, ನಿಲ್ಲಿಸುವ ಚಿಂತೆ ಆಮೇಲೆ. ಈ ಅಂತರವನ್ನು ಗುರುತಿಸುವುದೇ ತಪಾಸಣೆಯ ಮೊದಲ ಗುರಿಯಾಯಿತು. ಹವ್ಯಾಸಿ ಟ್ರ್ಯಾಕಿನಲ್ಲಿ ಇಂದಿಗೂ ಅದರ ಮುಖ್ಯ ಕೆಲಸ ಇದೇ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸಮಸ್ಯೆ ಬೀದಿಗೆ ಬಂತು. ಯುದ್ಧದಿಂದ ಮರಳಿದ ಯುವಕರಿಗೆ ಯಂತ್ರ ಬಿಚ್ಚಿ ಜೋಡಿಸುವ ಕೈಗುಣವಿತ್ತು, ಹಳೆಯ ಕಾರುಗಳು ಅಗ್ಗವಾಗಿದ್ದವು. ಒಣಕೆರೆಗಳು ಊರಿಂದ ದೂರವಾದ್ದರಿಂದ ರಾತ್ರಿ ಹೊತ್ತು ಸಾರ್ವಜನಿಕ ರಸ್ತೆಗಳಲ್ಲೇ ಪಂದ್ಯ ನಡೆಯತೊಡಗಿತು. ಪೊಲೀಸರ ದೃಷ್ಟಿಯಲ್ಲಿ, ಪತ್ರಿಕೆಗಳ ಬರಹದಲ್ಲಿ ‘ಹಾಟ್ ರಾಡ್’, ಅಂದರೆ ಹೀಗೆ ಬಿಚ್ಚಿ ಬಲಪಡಿಸಿದ ಕಾರು, ಓಡಿಸುವವನೆಂದರೆ ಪುಂಡ ಎಂದಾಯಿತು. 1950ರಲ್ಲಿ ಸಿ. ಜೆ. ಹಾರ್ಟ್ ಮತ್ತು ಜೊತೆಗಾರರು ಸ್ಯಾಂಟಾ ಆನಾದ ವಿಮಾನನಿಲ್ದಾಣದ ಪಟ್ಟಿಯಲ್ಲಿ ಹಣ ಪಡೆದು ಪಂದ್ಯ ನಡೆಸಲು ಶುರುಮಾಡಿದರು. ಮರುವರ್ಷ, 1951ರಲ್ಲಿ, ‘ಹಾಟ್ ರಾಡ್’ ಪತ್ರಿಕೆಯ ಸಂಪಾದಕರಾಗಿದ್ದ ವಾಲಿ ಪಾರ್ಕ್ಸ್ ಅವರು ‘ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್’ ಸ್ಥಾಪಿಸಿದರು. ಎನ್‌ಎಚ್‌ಆರ್‌ಎ ಎಂದು ಹೆಸರಾದ ಈ ಸಂಘ ತನ್ನ ಮೊದಲ ಅಧಿಕೃತ ಪಂದ್ಯವನ್ನು 1953ರ ಏಪ್ರಿಲಿನಲ್ಲಿ ಪೊಮೋನಾ ಊರಿನ ಜಾತ್ರಾ ಮೈದಾನದ ಪಾರ್ಕಿಂಗ್ ಜಾಗದಲ್ಲಿ ನಡೆಸಿತು.

ನಿಯಮಗಳು ಕ್ಯಾಲಿಫೋರ್ನಿಯಾದ ಗಡಿ ದಾಟಿದ್ದು ಪುಸ್ತಕದಿಂದಲ್ಲ, ಮನುಷ್ಯರಿಂದ. 1954ರಲ್ಲಿ ಪೊಮೋನಾದ ಪೊಲೀಸ್ ಸಾರ್ಜೆಂಟ್ ಆಗಿದ್ದ ಬಡ್ ಕೂನ್ಸ್, ಅವರೊಂದಿಗೆ ಬಡ್ ಎವನ್ಸ್, ಚಿಕ್ ಕ್ಯಾನನ್ ಮತ್ತು ಛಾಯಾಗ್ರಾಹಕ ಎರಿಕ್ ರಿಕ್‌ಮನ್ ಒಂದು ಸ್ಟೇಷನ್ ವ್ಯಾಗನ್ ಕಾರಿಗೆ ಟ್ರೇಲರ್ ಕಟ್ಟಿಕೊಂಡು, ಅದರಲ್ಲಿ ಸಮಯ ಅಳೆಯುವ ಉಪಕರಣ ತುಂಬಿಕೊಂಡು ದೇಶ ಸುತ್ತಲು ಹೊರಟರು. ‘ಸೇಫ್ಟಿ ಸಫಾರಿ’ ಎಂದು ಹೆಸರಾದ ಈ ತಂಡ ಊರೂರಿನ ಕ್ಲಬ್ಬುಗಳಿಗೆ ಟ್ರ್ಯಾಕ್ ಗುರುತು ಹಾಕುವುದು, ಪ್ರೇಕ್ಷಕರನ್ನು ದೂರ ನಿಲ್ಲಿಸುವುದು, ಕಾರುಗಳನ್ನು ಪರೀಕ್ಷಿಸುವುದು ಹೇಗೆಂದು ಮಾಡಿ ತೋರಿಸಿತು. ಊರಿನ ಪೊಲೀಸರನ್ನು ಒಪ್ಪಿಸಲು ಪೊಲೀಸರೊಬ್ಬರೇ ಮುಂದೆ ನಿಂತದ್ದು ಬಹಳ ಜಾಣತನದ ನಡೆ. ಹವ್ಯಾಸಿಗಳು ತಪಾಸಣೆಯನ್ನು ಕಿರುಕುಳವೆಂದು ಎಣಿಸದೆ, ಆಟಕ್ಕೆ ಸಿಕ್ಕ ಪರವಾನಗಿಯೆಂದು ಒಪ್ಪಿದ್ದರ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಈ ತಂಡಕ್ಕೇ ಸಲ್ಲಬೇಕು.

ಆ ಕಾಲದ ಪರೀಕ್ಷೆ ಪೂರ್ತಿ ಕಣ್ಣು ಮತ್ತು ಕೈಯದ್ದು. ಸ್ಟಿಯರಿಂಗ್ ಸಡಿಲವಿದೆಯೇ, ಬೆಸುಗೆ ಬಿರುಕು ಬಿಟ್ಟಿದೆಯೇ, ಬ್ಯಾಟರಿ ಭದ್ರವಾಗಿದೆಯೇ ಎಂದು ಅನುಭವಿ ಮೆಕ್ಯಾನಿಕ್ ನೋಡಿ ಹೇಳುತ್ತಿದ್ದ. ಎಂಜಿನ್ನಿನ ಶಕ್ತಿ ಮಿತಿಯಲ್ಲಿರುವವರೆಗೆ ಅಷ್ಟು ಸಾಕಾಗಿತ್ತು. ನೈಟ್ರೊಮಿಥೇನ್ ಇಂಧನ ಬಂದು ವೇಗ ಕೈಮೀರಿದಾಗ ಸಂಘ 1957ರಲ್ಲಿ ಆ ಇಂಧನವನ್ನೇ ನಿಷೇಧಿಸಿತು. ನಿಷೇಧ 1963ರವರೆಗೆ ನಡೆದು ಕೊನೆಗೆ ಬಿದ್ದುಹೋಯಿತು. ವೇಗವನ್ನು ತಡೆದು ಸುರಕ್ಷತೆ ತರುವ ದಾರಿ ಈ ಆಟದಲ್ಲಿ ಬಾಳಲಿಲ್ಲ. ವೇಗ ಬಂದೇ ಬರುತ್ತದೆಂದು ಒಪ್ಪಿ, ಅದಕ್ಕೆ ತಕ್ಕ ರಕ್ಷಣೆಯನ್ನು ಕೇಳುವ ದಾರಿ ಉಳಿಯಿತು.

ಕಣ್ಣಿಗೆ ಕಾಣದ ಅಪಾಯ ಮೊದಲು ಎದ್ದದ್ದು ಕ್ಲಚ್ಚಿನಲ್ಲಿ. ಕ್ಲಚ್ಚನ್ನು ಹೊತ್ತು ಎಂಜಿನ್ನಿನೊಡನೆ ತಿರುಗುವ, ಕಾರ್ಖಾನೆಯ ಎರಕದ ಕಬ್ಬಿಣದ ಫ್ಲೈವೀಲು ಸಾಮಾನ್ಯ ಓಡಾಟಕ್ಕೆ ಮಾಡಿದ್ದು. ಎಂಜಿನ್ನನ್ನು ಮಿತಿಮೀರಿ ತಿರುಗಿಸಿ ಒಮ್ಮೆಗೇ ಕ್ಲಚ್ ಬಿಟ್ಟರೆ ಶಾಖ ಮತ್ತು ತಿರುಗುವ ಬಲ ಎರಡೂ ಸೇರಿ ಅದು ಸಿಡಿಯುತ್ತದೆ. ಅದರ ಸುತ್ತಲಿನ ಹೊದಿಕೆ, ಅಂದರೆ ಬೆಲ್ ಹೌಸಿಂಗ್, ತೆಳುವಾದ ಎರಕದ್ದು. ಚೂರುಗಳು ಅದನ್ನೂ ತೂರಿ ಚಾಲಕನ ಕಾಲಿಗೆ, ಪ್ರೇಕ್ಷಕರ ಕಡೆಗೆ ಹಾರುತ್ತವೆ. ಫ್ಲೈವೀಲಿನ ಒಳಗಿನ ಕೂದಲೆಳೆಯ ಬಿರುಕನ್ನು ಎಂಥ ಪರಿಶೀಲಕನೂ ಹೊರಗಿನಿಂದ ಕಾಣಲಾರ. ಮೊದಲಿಗೆ ಜನ ದಪ್ಪ ಉಕ್ಕಿನ ತಗಡನ್ನು ಹೊದಿಕೆಯ ಸುತ್ತ ಬಗ್ಗಿಸಿ ಕಟ್ಟಿದರು. 1960ರ ದಶಕದಲ್ಲಿ ರೇಸರ್ ಜೋ ಶುಬೆಕ್ ಅವರು ಕಟ್ಟಿದ ಲೇಕ್‌ವುಡ್ ಕಂಪನಿ, ನೀರಿನ ಒತ್ತಡದಿಂದ ಉಕ್ಕಿನ ತಗಡನ್ನು ಒಂದೇ ತುಂಡಾಗಿ ಅಚ್ಚಿಗೆ ಒತ್ತಿ ಬೆಲ್ ಹೌಸಿಂಗ್ ಮಾಡಿ ಮಾರಿತು. ಫ್ಲೈವೀಲು ಸಿಡಿಯಲೇಬಾರದು ಎನ್ನುವುದಕ್ಕಿಂತ, ಸಿಡಿದರೆ ಚೂರು ಹೊರಗೆ ಬರಬಾರದು ಎನ್ನುವುದು ಹೆಚ್ಚು ಪ್ರಾಮಾಣಿಕವಾದ ನಿಯಮ. ಮುಂದಿನ ಬಹುತೇಕ ಉಪಕರಣಗಳ ಹಿಂದೆ ಇದೇ ವಿಚಾರ ಕೆಲಸ ಮಾಡಿದೆ.

ಗೇರ್‌ಬಾಕ್ಸಿಗೂ ಅದೇ ಗತಿ. 1970ರ ಮಾರ್ಚ್ 8ರಂದು ಲಾಂಗ್ ಬೀಚ್ ಬಳಿಯ ಲಯನ್ಸ್ ಟ್ರ್ಯಾಕಿನಲ್ಲಿ ಪ್ರಸಿದ್ಧ ಚಾಲಕ ಡಾನ್ ಗಾರ್ಲಿಟ್ಸ್ ಅವರ ಗಾಡಿಯ ಗೇರ್‌ಬಾಕ್ಸ್ ಹೊರಡುವ ಗೆರೆಯಲ್ಲೇ ಸ್ಫೋಟಿಸಿತು. ಗಾಡಿ ಎರಡು ತುಂಡಾಯಿತು, ಅವರ ಬಲಪಾದದ ಮುಂಭಾಗ ತುಂಡಾಗಿ ಹೋಯಿತು. ಆಸ್ಪತ್ರೆಯಿಂದ ಬಂದ ಗಾರ್ಲಿಟ್ಸ್ ಎಂಜಿನ್ನನ್ನು ಚಾಲಕನ ಹಿಂದೆ ಇಟ್ಟ ಗಾಡಿ ಕಟ್ಟಿ 1971ರಲ್ಲಿ ಗೆದ್ದು ತೋರಿಸಿದರು. ಆ ದರ್ಜೆಯ ಗಾಡಿಗಳೆಲ್ಲ ಕೆಲವೇ ವರ್ಷಗಳಲ್ಲಿ ಆ ರೂಪಕ್ಕೆ ತಿರುಗಿದವು. ಹವ್ಯಾಸಿಯ ಸಾಮಾನ್ಯ ಕಾರಿನಲ್ಲಿ ಎಂಜಿನ್ನನ್ನು ಹಿಂದಕ್ಕೆ ಸರಿಸಲು ಬರುವುದಿಲ್ಲ. ಅವನಿಗೆ ಉಳಿದದ್ದು ಗೇರ್‌ಬಾಕ್ಸಿಗೆ ಗುಂಡುನಿರೋಧಕ ಬಟ್ಟೆಯ ಹೊದಿಕೆ ಅಥವಾ ಉಕ್ಕಿನ ಕವಚ.

ಇಂಥ ಭಾಗಗಳ ಗಟ್ಟಿತನವನ್ನು ಟ್ರ್ಯಾಕಿನಲ್ಲಿ ಅಳೆಯಲಾಗದು, ಪ್ರಯೋಗಾಲಯದಲ್ಲಿ ಒಡೆದೇ ನೋಡಬೇಕು. ಬಿಡಿಭಾಗ ತಯಾರಕರು 1963ರಲ್ಲಿ ಕಟ್ಟಿಕೊಂಡ ಸೀಮಾ ಎಂಬ ಸಂಘ ಈ ದಿಕ್ಕಿನಲ್ಲಿ ಮಾನದಂಡಗಳನ್ನು ಬರೆಯತೊಡಗಿತು. 1978ರಲ್ಲಿ ಆ ಕೆಲಸಕ್ಕಾಗಿಯೇ ಎಸ್‌ಎಫ್‌ಐ ಫೌಂಡೇಷನ್ ಎಂಬ ಲಾಭರಹಿತ ಸಂಸ್ಥೆ ನೆಲೆಗೊಂಡಿತು. ಫ್ಲೈವೀಲು ಮತ್ತು ಕ್ಲಚ್ಚಿಗೆ 1.1, ಬೆಲ್ ಹೌಸಿಂಗಿಗೆ 6.1, ಸೀಟು ಬೆಲ್ಟಿಗೆ 16.1 ಎಂಬಂತೆ ಪ್ರತಿ ವಸ್ತುವಿಗೂ ಒಂದು ಸಂಖ್ಯೆ. ಚಾಲಕನ ಉಡುಪಿನ 3.2ಎ ಮಾನದಂಡವಂತೂ ನೇರವಾಗಿ ಸೆಕೆಂಡಿನಲ್ಲೇ ಮಾತಾಡುತ್ತದೆ. ಬೆಂಕಿಯ ಎದುರು ಎರಡನೆಯ ಹಂತದ ಸುಟ್ಟಗಾಯ ಆಗುವುದಕ್ಕೆ ಮುಂಚೆ, ಅತ್ಯಂತ ಕೆಳಗಿನ ದರ್ಜೆಯ ಜಾಕೆಟ್ ಸುಮಾರು 3 ಸೆಕೆಂಡು ಕೊಡುತ್ತದೆ, ಐದನೆಯ ದರ್ಜೆಯದು 10, ಇಪ್ಪತ್ತನೆಯದು 40. ಬೆಲ್ಟ್ ಬಿಚ್ಚಿ ಹೊರಗೆ ಹಾರಲು ಮೂರು ಸೆಕೆಂಡು ಸಾಕೇ ಎಂದು ಕುಳಿತು ಲೆಕ್ಕ ಹಾಕಿದರೆ, ದುಬಾರಿ ಜಾಕೆಟ್ಟಿನ ಬೆಲೆ ಬೇರೆಯಾಗಿ ಕಾಣುತ್ತದೆ.

ಹೆಲ್ಮೆಟ್ಟಿನ ಕಥೆ ಇದಕ್ಕಿಂತ ಹಳೆಯದು. 1956ರಲ್ಲಿ ಕಾರ್ ರೇಸೊಂದರಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡ ಪೀಟ್ ಸ್ನೆಲ್ ಅವರ ನೆನಪಿಗೆ ಗೆಳೆಯರು 1957ರಲ್ಲಿ ಸ್ನೆಲ್ ಸ್ಮಾರಕ ಪ್ರತಿಷ್ಠಾನ ಸ್ಥಾಪಿಸಿದರು. ಅದು ಸುಮಾರು ಐದು ವರ್ಷಕ್ಕೊಮ್ಮೆ ಮಾನದಂಡವನ್ನು ಪರಿಷ್ಕರಿಸುತ್ತದೆ. ಕಾರ್ ರೇಸಿನ ‘ಎಸ್‌ಎ’ ಹೆಲ್ಮೆಟ್ಟಿಗೂ ಮೋಟಾರ್‌ಸೈಕಲ್ಲಿನ ‘ಎಂ’ ಹೆಲ್ಮೆಟ್ಟಿಗೂ ಇರುವ ವ್ಯತ್ಯಾಸ ಹೊರನೋಟಕ್ಕೆ ಕಾಣದು. ಮೊದಲನೆಯದು ಬೆಂಕಿ ಹತ್ತದ ಗುಣಕ್ಕೂ, ಕಾರಿನೊಳಗಿನ ಉಕ್ಕಿನ ಕೊಳವೆಗೆ ತಲೆ ಬಡಿಯುವ ಪೆಟ್ಟಿಗೂ ಪರೀಕ್ಷೆಗೊಳಗಾಗಿರುತ್ತದೆ. ಆದ್ದರಿಂದಲೇ ಪರಿಶೀಲಕ ಹೆಲ್ಮೆಟ್ಟಿನ ಒಳಪದರ ಸರಿಸಿ ಚೀಟಿಯ ಅಕ್ಷರ ಮತ್ತು ವರ್ಷ ಓದುವುದು.

ಚೀಟಿಯ ಪದ್ಧತಿಯಿಂದ ಹೊಣೆ ಬಹುಮಟ್ಟಿಗೆ ತಯಾರಕರ ಕಡೆಗೆ ಸರಿಯಿತು. ಸೀಟು ಬೆಲ್ಟಿನ ಚೀಟಿಯಲ್ಲಿ ತಿಂಗಳು, ವರ್ಷದ ಅಂಕಿಗಳ ಮೇಲೆ ತೂತು ಹೊಡೆದಿರುತ್ತಾರೆ. ಆ ದಿನಾಂಕದಿಂದ ಎರಡು ವರ್ಷ ಕಳೆದರೆ ಬೆಲ್ಟ್ ತಿರಸ್ಕೃತ, ಹೊಸದಾಗಿ ನೇಯಿಸಿ ತರಬೇಕು ಅಥವಾ ಹೊಸದನ್ನೇ ಕೊಳ್ಳಬೇಕು. ಒಮ್ಮೆಯೂ ಅಪಘಾತ ಕಾಣದ ಬೆಲ್ಟನ್ನು ಎಸೆಯುವುದು ಅನ್ಯಾಯವೆಂಬ ದೂರು ಹವ್ಯಾಸಿಗಳಲ್ಲಿ ಹಳೆಯದು. ಬಿಸಿಲಿಗೆ ನೂಲು ಸವೆಯುವುದು ಕಣ್ಣಿಗೆ ಕಾಣುವ ಮೊದಲೇ ಅದರ ಬಲ ಕುಗ್ಗಿರುತ್ತದೆ ಎಂಬುದು ಅದಕ್ಕೆ ಉತ್ತರ. ಕಡಿಮೆ ಸಂಬಳದವನಿಗೆ ಈ ಖರ್ಚು ನಿಜಕ್ಕೂ ಭಾರ. ಆದರೂ ನಿಯಮ ಸರಿಯಾದದ್ದೇ.

ಇಷ್ಟೆಲ್ಲ ಉಪಕರಣವನ್ನು ಪ್ರತಿ ಕಾರಿಗೂ ಕಡ್ಡಾಯ ಮಾಡಿದ್ದರೆ ಹವ್ಯಾಸಿ ಡ್ರ್ಯಾಗ್ ರೇಸ್ ಅಂದೇ ಮುಗಿಯುತ್ತಿತ್ತು. ಅದನ್ನು ಉಳಿಸಿದ್ದು ಅಗತ್ಯವನ್ನು ಓಟದ ಸಮಯಕ್ಕೆ ಕಟ್ಟಿದ ಕ್ರಮ. ಈ ಇತಿಹಾಸದಲ್ಲಿ ಬಂದ ಎಲ್ಲ ಕವಚ, ಉಡುಪುಗಳಿಗಿಂತ ಇದೇ ದೊಡ್ಡ ಸಾಧನೆ. ತನ್ನ ಕಾರು ಇಷ್ಟು ಸೆಕೆಂಡಿನಲ್ಲಿ ಓಡುತ್ತದೆ ಎಂದು ಚಾಲಕ ಮೊದಲೇ ಗಾಜಿನ ಮೇಲೆ ಬರೆದು, ನಿಧಾನದ ಕಾರಿಗೆ ಮುಂಚಿತ ಹೊರಡುವ ಅವಕಾಶ ಸಿಗುವ ಬ್ರ್ಯಾಕೆಟ್ ರೇಸಿಂಗ್ ಪದ್ಧತಿ 1970ರ ದಶಕದಲ್ಲಿ ಹಬ್ಬಿತು. ಆಗ ಸಮಯವೇ ದರ್ಜೆಯಾಯಿತು, ಸುರಕ್ಷತೆಯ ಮೆಟ್ಟಿಲೂ ಆಯಿತು. ಎನ್‌ಎಚ್‌ಆರ್‌ಎ ನಿಯಮದಂತೆ 13.99 ಸೆಕೆಂಡು ಅಥವಾ ಅದಕ್ಕಿಂತ ವೇಗವಾಗಿ ಓಡುವ ಕಾರಿನಲ್ಲಿ ಹೆಲ್ಮೆಟ್ ಬೇಕು. 11.49ಕ್ಕೆ ಕಾರು ಮಗುಚಿದರೆ ಚಾಲಕನನ್ನು ಕಾಯುವ ರೋಲ್ ಬಾರ್, ಮಾಡು ಮಡಚುವ ಕಾರಾದರೆ 13.49ಕ್ಕೇ. 9.99ಕ್ಕೆ ಅಥವಾ ಗಂಟೆಗೆ 135 ಮೈಲಿ ಮುಟ್ಟಿದರೆ ಚಾಲಕನ ಸುತ್ತ ಪೂರ್ತಿ ಉಕ್ಕಿನ ಪಂಜರ, 9.99ರ ಮೆಟ್ಟಿಲಿನಲ್ಲಿ ಪರವಾನಗಿಯೂ ಬೇಕು. 150 ಮೈಲಿ ಮುಟ್ಟಿದರೆ ಪ್ಯಾರಾಚೂಟ್. ಅರ್ಧ ದೂರದ ಟ್ರ್ಯಾಕುಗಳಲ್ಲಿ 11.49ರ ಬದಲು 7.35, 9.99ರ ಬದಲು 6.39 ಎಂಬ ಸಮಾನ ಲೆಕ್ಕವಿದೆ. ಹದಿನಾರು ಸೆಕೆಂಡಿನ ಮನೆಬಳಕೆಯ ಕಾರು ತಂದವನಿಗೆ ಉದ್ದ ಪ್ಯಾಂಟು, ಶೂ, ಸುಸ್ಥಿತಿಯ ಸೀಟು ಬೆಲ್ಟು ಇದ್ದರೆ ಬಹುತೇಕ ಸಾಕು.

ಟೈರನ್ನೂ ಈ ಲೆಕ್ಕಕ್ಕೆ ಸೇರಿಸಿದ್ದರಲ್ಲಿ ಯಂತ್ರಜ್ಞಾನದ ಒಳನೋಟವಿದೆ. ಸಾಮಾನ್ಯ ಟೈರು ಬಲ ಹೆಚ್ಚಾದರೆ ಜಾರಿಬಿಡುತ್ತದೆ, ಹಾಗಾಗಿ ಆಕ್ಸೆಲ್ಲು, ಕ್ರಾಸ್ ಜಾಯಿಂಟುಗಳ ಮೇಲೆ ಭಾರ ಬೀಳದು. ಅಂಟಂಟಾದ ಸ್ಲಿಕ್ ಟೈರು ಜಾರುವುದಿಲ್ಲ, ಬೇರೆ ಯಾವುದೋ ಮುರಿಯುತ್ತದೆ. ಮುಂದಿನ ಕ್ರಾಸ್ ಮುರಿದರೆ ಪ್ರೊಪೆಲ್ಲರ್ ಶಾಫ್ಟಿನ ತುದಿ ನೆಲಕ್ಕೆ ಬಿದ್ದು ಟ್ರ್ಯಾಕಿಗೆ ಊರಿಕೊಂಡು ಇಡೀ ಕಾರನ್ನೇ ಮೇಲೆತ್ತಬಲ್ಲದು. ಅದಕ್ಕಾಗಿ ಸ್ಲಿಕ್ ಹಾಕಿದ, 13.99 ಅಥವಾ ಅದಕ್ಕಿಂತ ವೇಗದ ಕಾರಿಗೆ ಆ ಜಾಯಿಂಟಿನಿಂದ 6 ಅಂಗುಲದೊಳಗೆ, ಶಾಫ್ಟಿನ ಸುತ್ತ ಉಕ್ಕಿನ ಬಳೆ ಇರಬೇಕು.

ಚೀಟಿಗಳು ಎಷ್ಟೇ ಬಂದರೂ ಪರಿಶೀಲಕನ ಕೈಗೆ ಕೆಲಸ ತಪ್ಪಿಲ್ಲ. ವೀಲ್ ನಟ್ಟು ಬೋಲ್ಟಿನ ವ್ಯಾಸದಷ್ಟಾದರೂ ಆಳಕ್ಕೆ ಮರೆ ಹಿಡಿದಿರಬೇಕೆಂಬ ನಿಯಮವನ್ನು ಅವನು ಬೆರಳಿನಿಂದಲೇ ಅಂದಾಜು ಮಾಡುತ್ತಾನೆ. ಆಕ್ಸಿಲರೇಟರ್ ಒತ್ತಿ ಬಿಟ್ಟು, ಸ್ಪ್ರಿಂಗ್ ತಟ್ಟನೆ ಹಿಂದಕ್ಕೆ ಎಳೆಯುತ್ತದೆಯೇ ನೋಡುತ್ತಾನೆ. ರೇಡಿಯೇಟರಿನ ನೀರು ಟ್ರ್ಯಾಕಿಗೆ ಚೆಲ್ಲದಂತೆ ಹಿಡಿಯುವ, ಅರ್ಧ ಲೀಟರಿನಷ್ಟು ಡಬ್ಬಿ ಇದೆಯೇ ಎಂದು ಬಗ್ಗಿ ನೋಡುತ್ತಾನೆ. ಬ್ಯಾಟರಿಯನ್ನು ಡಿಕ್ಕಿಗೆ ಸ್ಥಳಾಂತರಿಸಿದ್ದರೆ ಕಾರಿನ ಹಿಂಬದಿಯಲ್ಲಿ ಹೊರಗಿನಿಂದ ಸಿಗುವಂತೆ ಸ್ವಿಚ್ ಇರಬೇಕು. ಎಂಜಿನ್ ಓಡುತ್ತಿರುವಾಗ ಪರಿಶೀಲಕ ಅದನ್ನು ಒತ್ತುತ್ತಾನೆ. ಬ್ಯಾಟರಿ ಕಡಿತವಾದರೂ ಆಲ್ಟರ್ನೇಟರಿನ ಕರೆಂಟಿನಿಂದ ಎಂಜಿನ್ ಓಡುತ್ತಲೇ ಇದ್ದರೆ ವೈರಿಂಗ್ ತಪ್ಪೆಂದು ಅರ್ಥ, ಕಾರು ವಾಪಸ್ಸು. ಅಪಘಾತದಲ್ಲಿ ಪ್ರಜ್ಞೆ ತಪ್ಪಿದ ಚಾಲಕನ ಕಾರನ್ನು ಹೊರಗಿನವರು ನಿಲ್ಲಿಸಬೇಕಾಗಿ ಬಂದಾಗ ಈ ಒಂದು ಪರೀಕ್ಷೆಯ ಬೆಲೆ ತಿಳಿಯುತ್ತದೆ. ಪಂಜರ ಕಡ್ಡಾಯವಾದ ಕಾರಿಗಾದರೋ ಪ್ರತ್ಯೇಕ ಪ್ರಮಾಣಪತ್ರ ಬೇಕು. ಕೊಳವೆಯ ದಪ್ಪವನ್ನು ಶಬ್ದತರಂಗದಿಂದ ಅಳೆದು ಸ್ಟಿಕ್ಕರ್ ಅಂಟಿಸುತ್ತಾರೆ.

ಇತ್ತೀಚಿನ ತೊಡಕು ಬಂದಿರುವುದು ಗ್ಯಾರೇಜಿನಿಂದಲ್ಲ, ಕಾರ್ಖಾನೆಯಿಂದ. ಏರ್‌ಬ್ಯಾಗ್, ಎಬಿಎಸ್ ಇರುವ 2008 ಮತ್ತು ನಂತರದ ಮಾದರಿಗಳು ಬದಲಾವಣೆಯಿಲ್ಲದೆ ಬಂದರೆ ರೋಲ್ ಬಾರ್ ಇಲ್ಲದೆಯೂ 10.00 ಸೆಕೆಂಡಿನವರೆಗೆ ಓಡಬಹುದೆಂದು ಎನ್‌ಎಚ್‌ಆರ್‌ಎ ವಿನಾಯಿತಿ ಕೊಟ್ಟಿತು. 2017ರಲ್ಲಿ ಡಾಡ್ಜ್ ಕಂಪನಿ 9.65 ಸೆಕೆಂಡಿನ ಡೀಮನ್ ಕಾರನ್ನು ಹೊರತಂದಾಗ ಅದು ಪಂಜರವಿಲ್ಲದೆ ಓಡುವಂತಿಲ್ಲ ಎಂದು ಸಂಘ ಪತ್ರ ಬರೆಯಿತು. ಕಂಪನಿ ಆ ಪತ್ರವನ್ನೇ ಜಾಹೀರಾತು ಮಾಡಿಕೊಂಡಿತು. ಮುಂದೆ 2014 ಮತ್ತು ನಂತರದ ಮಾದರಿಗಳಿಗೆ ಮಿತಿಯನ್ನು 9.00 ಸೆಕೆಂಡು ಮತ್ತು 150 ಮೈಲಿಗೆ ಸಡಿಲಿಸಲಾಯಿತು. 2023ರಲ್ಲಿ ಬಂದ ಡೀಮನ್ 170 ಕಾಲು ಮೈಲಿಯನ್ನು 8.91 ಸೆಕೆಂಡಿನಲ್ಲಿ, ಗಂಟೆಗೆ 151 ಮೈಲಿ ವೇಗದಲ್ಲಿ ಮುಗಿಸಿತು. ಷೋರೂಮಿನಿಂದ ತಂದ ಆ ಕಾರು ತನ್ನ ಪೂರ್ತಿ ವೇಗದಲ್ಲಿ ಓಡಬೇಕಾದರೆ ಪಂಜರವೂ ಬೇಕು, ಪ್ಯಾರಾಚೂಟೂ ಬೇಕು.