ಪೈಪು, ಸ್ಪ್ರಿಂಗು, ಕಪ್ಪು ಬಣ್ಣ

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮನೆಗೆ ಹೋದಾಗ ಬಾಲ್ಕನಿಯ ತುಂಬ ಪೈಪಿನ ಚೂರು ಬಿದ್ದಿತ್ತು. ಒಂಬತ್ತನೇ ಕ್ಲಾಸು ಮುಗಿಸಿದ ಅವಳ ಮಗ ಹ್ಯಾಕ್ಸಾ ಬ್ಲೇಡಿನಲ್ಲಿ ಪಿವಿಸಿ ಪೈಪು ಕೊಯ್ಯುತ್ತಾ ಕೂತಿದ್ದ. ಪಕ್ಕದಲ್ಲಿ ಒಂದು ಸ್ಪ್ರಿಂಗು, ನಲ್ಲಿಗೆ ಹಾಕುವ ರಬ್ಬರ್ ವಾಷರುಗಳು, ಒಂದೆರಡು ಎಂಡ್ ಕ್ಯಾಪು, ಪ್ಲಂಬರುಗಳು ಬಳಸುವ ಸಲ್ಯೂಷನ್ ಡಬ್ಬಿ. ಎಲ್ಲವೂ ರಸ್ತೆಯ ತಿರುವಿನ ಹಾರ್ಡ್‌ವೇರ್ ಅಂಗಡಿಯವು, ಒಟ್ಟು 300 ರೂಪಾಯಿಯೊಳಗಿನ ಸಾಮಾನು. ‘ಏರ್‌ಸಾಫ್ಟ್ ಗನ್ ಮಾವ’ ಅಂದ. 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡನ್ನು ಗಾಳಿಯ ಒತ್ತಡದಲ್ಲಿ ಹಾರಿಸುವ ಆಟದ ಬಂದೂಕು. ಹಳೆಯ ಹಾಲಿನ ಡಬ್ಬಕ್ಕೆ ಗುರಿಯಿಟ್ಟು ಹೊಡೆದೂ ತೋರಿಸಿದ. ಟಣ್ ಅಂದಿತು. ಕಣ್ಣಿಗೆ ಕನ್ನಡಕ ಹಾಕಿಕೊಂಡಿದ್ದನೆಂಬುದೇ ನನಗೆ ಸಮಾಧಾನ.

ನಾನು ಬೈಯಲಿಲ್ಲ. ಬೈಯುವ ನೈತಿಕ ಹಕ್ಕು ನನಗಿರಲಿಲ್ಲ. ಮಲೆನಾಡಿನಲ್ಲಿ ಬೆಳೆದ ನಾವೆಲ್ಲ ಮಳೆಗಾಲದಲ್ಲಿ ಪೆಟ್ಲು ಮಾಡಿದವರೇ. ವಾಟೆಬಿದಿರಿನ ಒಂದು ಗೇಣು ಕೊಳವೆ, ಅದರೊಳಗೆ ಬಿಗಿಯಾಗಿ ಹೋಗುವ ಒಂದು ಕೋಲು, ಜೇಬಿನ ತುಂಬ ಹಸಿರು ಕಾಯಿ. ಮೊದಲ ಕಾಯಿಯನ್ನು ಕೊಳವೆಯ ತುದಿಯವರೆಗೂ ತಳ್ಳಿ ನಿಲ್ಲಿಸಬೇಕು. ಎರಡನೆಯದನ್ನು ಹಿಂದಿನಿಂದ ತುರುಕಿ ಕೋಲಿನಿಂದ ರಭಸವಾಗಿ ಒತ್ತಬೇಕು. ಎರಡು ಕಾಯಿಗಳ ನಡುವೆ ಸಿಕ್ಕಿಬಿದ್ದ ಗಾಳಿ ಕುಗ್ಗಿ ಕುಗ್ಗಿ, ಇನ್ನು ತಾಳಲಾರದೆ ಮುಂದಿನ ಕಾಯಿಯನ್ನು ಒದ್ದು ಹೊರಹಾಕುತ್ತದೆ. ಠಪ್! ಹಿಂದಿನ ಕಾಯಿ ಮುಂದಿನದರ ಜಾಗಕ್ಕೆ ಬಂದು ಕೂರುತ್ತದೆ, ಅದೇ ಮುಂದಿನ ಗುಂಡು. ಬಸ್ತರಿನ ಜಗದಲ್‌ಪುರದಲ್ಲಿ ಇದೇ ಬಿದಿರಿನ ಕೊಳವೆಗೆ ತುಪ್ಕಿ ಎಂದು ಹೆಸರು. ಅಲ್ಲಿನ ಗೋಂಚಾ ಹಬ್ಬದ ರಥಯಾತ್ರೆಯಲ್ಲಿ ಪೆಂಗ್ ಎಂಬ ಕಾಯಿ ತುಂಬಿ ಜನ ಒಬ್ಬರಿಗೊಬ್ಬರು ಹೊಡೆದುಕೊಳ್ಳುತ್ತಾರೆ.

ಹುಡುಗನ ಪೈಪಿನೊಳಗಿನ ತತ್ತ್ವವೂ ಇಷ್ಟೇ. ಕೈಯ ಬದಲು ಸ್ಪ್ರಿಂಗು, ಕೋಲಿನ ಬದಲು ವಾಷರ್ ಕಟ್ಟಿದ ಪಿಸ್ಟನ್ನು, ಕಾಯಿಯ ಬದಲು ಪ್ಲಾಸ್ಟಿಕ್ ಗೋಲಿ. ಒಳ್ಳೆಯ ಕೆಲಸ ಅಂತ ಬೆನ್ನು ತಟ್ಟಿದೆ. ಆಮೇಲೆ ಅವನು ಒಳಗಿಂದ ಕಪ್ಪು ಸ್ಪ್ರೇ ಪೇಂಟಿನ ಡಬ್ಬಿ ತಂದ. ‘ಬಣ್ಣ ಹೊಡೆದರೆ ನಿಜವಾದ್ದೇ ಅನ್ನಿಸತ್ತೆ.’ ಆಗ ಮಾತ್ರ ನನ್ನ ಬಾಯಿಂದ ‘ಬೇಡ’ ಎಂದು ಬಂತು. ಯಾಕೆ ಅಂತ ಕೇಳಿದ. ಉತ್ತರಕ್ಕೆ ಜಪಾನಿನವರೆಗೆ ಹೋಗಬೇಕಾಯಿತು.

ಏರ್‌ಸಾಫ್ಟ್ ಹುಟ್ಟಿದ್ದು ಜನಸಾಮಾನ್ಯರ ಕೈಯಲ್ಲಿ ಬಂದೂಕೇ ಇಲ್ಲದ ದೇಶದಲ್ಲಿ. ಯುದ್ಧದಲ್ಲಿ ಸೋತ ಜಪಾನಿನಲ್ಲಿ ನಾಗರಿಕರ ಬಂದೂಕು, ಕತ್ತಿಗಳನ್ನು 1946ರಲ್ಲೇ ಕಸಿದುಕೊಳ್ಳಲಾಯಿತು. 1958ರಲ್ಲಿ ಬಂದ ಬಂದೂಕು ಮತ್ತು ಕತ್ತಿಗಳ ಕಾನೂನು ಆ ನಿಷೇಧವನ್ನು ಭದ್ರ ಮಾಡಿತು. ಬೇಟೆಗೆ, ಕ್ರೀಡೆಗೆ ಪರವಾನಗಿ ಪಡೆದವರನ್ನು ಬಿಟ್ಟರೆ ಯಾರಿಗೂ ಬಂದೂಕಿಲ್ಲ. ಆದರೆ ಊರೂರಿನ ಥಿಯೇಟರಿನಲ್ಲಿ ಹಾಲಿವುಡ್ಡಿನ ಕೌಬಾಯ್ ಸಿನಿಮಾ ಓಡುತ್ತಿತ್ತು, ಹಿಂದೆಯೇ ಜೇಮ್ಸ್ ಬಾಂಡ್ ಬಂದ. ಕೈಗೆ ಸಿಗದ ವಸ್ತುವಿನ ಮೇಲೆ ಮೋಹ ಹುಟ್ಟುವುದು ಹೀಗೆಯೇ ಇರಬೇಕು. 1960ರ ದಶಕದಲ್ಲಿ ಅಲ್ಲಿ ‘ಮಾಡೆಲ್ ಗನ್’ ಎಂಬ ಹೊಸ ಉದ್ಯಮವೇ ಬೆಳೆಯಿತು. ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಇವು ತೂಕ, ಬಣ್ಣ, ಬಿಚ್ಚಿ ಜೋಡಿಸುವ ಭಾಗಗಳಲ್ಲೆಲ್ಲ ಅಸಲಿಯ ತದ್ರೂಪು. ಗುಂಡು ಹಾರಿಸುವುದಿಲ್ಲ ಅನ್ನುವುದೊಂದೇ ವ್ಯತ್ಯಾಸ. ನಮ್ಮ ದೀಪಾವಳಿಯ ಕೇಪಿನ ಪಿಸ್ತೂಲಿನ ಹಾಗೆ ಕೆಲವು ಠುಸ್ ಅನ್ನುತ್ತಿದ್ದವು, ಅಷ್ಟೇ.

1970ರ ಮಾರ್ಚ್ 31ರಂದು ಟೋಕಿಯೊದಿಂದ ಫುಕುವೊಕಾಗೆ ಹೊರಟ ಜಪಾನ್ ಏರ್‌ಲೈನ್ಸಿನ ಬೋಯಿಂಗ್ 727 ವಿಮಾನವನ್ನು ರೆಡ್ ಆರ್ಮಿ ಬಣದ 9 ಯುವಕರು ಅಪಹರಿಸಿದರು. ಇತಿಹಾಸದಲ್ಲಿ ಇದಕ್ಕೆ ಯೊಡೊಗೊ ಪ್ರಕರಣವೆಂದು ಹೆಸರು. ಕೈಯಲ್ಲಿ ಕತ್ತಿ, ಪಿಸ್ತೂಲು, ಬಾಂಬು ಹಿಡಿದಿದ್ದ ಅವರು ಸೋಲ್ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ಬಿಟ್ಟು ಕೊನೆಗೆ ಉತ್ತರ ಕೊರಿಯಾದ ಪ್ಯೊಂಗ್ಯಾಂಗಿನಲ್ಲಿ ಇಳಿದರು. ಆ ಆಯುಧಗಳು ಬರೀ ಆಟಿಕೆ, ನಕಲಿ ಎಂಬುದು ಆಮೇಲೆ ಗೊತ್ತಾಯಿತು. ನೂರಕ್ಕೂ ಹೆಚ್ಚು ಜನರನ್ನು ದಿನಗಟ್ಟಲೆ ಒತ್ತೆಯಿಟ್ಟದ್ದು ಹೋಲಿಕೆ. ಬಂದೂಕಿನ ಕೆಲಸದಲ್ಲಿ ಮುಕ್ಕಾಲು ಪಾಲು ಅದನ್ನು ನೋಡಿದವನ ಮನಸ್ಸಿನಲ್ಲೇ ನಡೆಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಗೊತ್ತಿಲ್ಲ.

ಮಾರನೆಯ ವರ್ಷವೇ ಕಾನೂನು ತಿದ್ದುಪಡಿಯಾಯಿತು. 1971ರ ನಿಯಮದ ಪ್ರಕಾರ ಲೋಹದ ನಕಲಿ ಪಿಸ್ತೂಲಿನ ನಳಿಗೆ ಪೂರ್ತಿ ಮುಚ್ಚಿರಬೇಕು, ಮೈ ಬಿಳಿ ಇಲ್ಲವೇ ಹಳದಿ ಬಣ್ಣದ್ದಾಗಿರಬೇಕು. ಒಂದು ದೇಶದ ಸಂಸತ್ತು ಕೂತು ಆಟಿಕೆಗೆ ಬಣ್ಣ ಗೊತ್ತುಮಾಡಿತು ಅಂದರೆ ನಗು ಬರಬಹುದು. ಅದರ ಹಿಂದಿನ ಹೆದರಿಕೆ ಮಾತ್ರ ಆಟಿಕೆಯದಲ್ಲ. 1977ರಲ್ಲಿ ಇನ್ನೊಂದು ತಿದ್ದುಪಡಿ ಬಂತು: ಸುಲಭವಾಗಿ ಅಸಲಿ ಬಂದೂಕಾಗಿ ಮಾರ್ಪಡಿಸಬಹುದಾದ ಮಾದರಿಗಳನ್ನು ಮಾರುವಂತಿಲ್ಲ.

ಅಲ್ಲಿನ ಆಟಿಕೆ ತಯಾರಕರು ಆ ಕಾನೂನನ್ನು ವಕೀಲರಿಗಿಂತ ಚೆನ್ನಾಗಿ ಓದಿಕೊಂಡರು. ಬಣ್ಣದ ನಿಯಮವಿದ್ದದ್ದು ‘ಲೋಹದ’ ನಕಲಿಗೆ. ಹಾಗಾದರೆ ಪ್ಲಾಸ್ಟಿಕ್ಕಿನಲ್ಲಿ ಮಾಡೋಣ! ಕಪ್ಪು ಬಣ್ಣ ಮರಳಿ ಬಂತು. ಇನ್ನೊಂದು ಸಂದೂ ಇತ್ತು. ಕಾನೂನಿನ ಪ್ರಕಾರ ಬಂದೂಕೆಂದರೆ ಲೋಹದ ಗುಂಡನ್ನು ಹಾರಿಸಬಲ್ಲ ಯಂತ್ರ. ಪ್ಲಾಸ್ಟಿಕ್ ಗುಂಡನ್ನು ಮೆಲ್ಲಗೆ ಹಾರಿಸಿದರೆ ಅದು ಬಂದೂಕಾಗುವುದಿಲ್ಲ. ಈ ಎರಡು ಸಂದುಗಳ ನಡುವಿನಿಂದ ಹುಟ್ಟಿದ ಕೂಸು ‘ಸಾಫ್ಟ್ ಏರ್ ಗನ್’. ಒಳಗೆ ನಮ್ಮ ಪೆಟ್ಲಿನ ಗಾಳಿ, ಹೊರಗೆ ಸೈನಿಕನ ರೈಫಲ್ಲಿನ ರೂಪ. 1980ರ ದಶಕದಲ್ಲಿ ದೊಡ್ಡವರು ಕಾಡಿನಲ್ಲಿ ಎರಡು ತಂಡ ಕಟ್ಟಿಕೊಂಡು ಆಡುವ ‘ಸರ್ವೈವಲ್ ಗೇಮ್’ ಹಬ್ಬಿತು. 1991ರಲ್ಲಿ ಟೋಕಿಯೊ ಮಾರುಯಿ ಕಂಪನಿ ಬ್ಯಾಟರಿಯ ಮೋಟಾರಿನಿಂದ ಸ್ಪ್ರಿಂಗನ್ನು ತಾನೇ ಎಳೆದು ಬಿಡುವ ಫಾಮಾಸ್ ರೈಫಲ್ಲಿನ ಮಾದರಿ ತಂದ ಮೇಲೆ ಈ ಆಟ ಸಮುದ್ರ ದಾಟಿತು.

ಮನೆಯಲ್ಲೇ ತಿದ್ದುವವರ ಕಥೆ ಸೇರುವುದು ಇಲ್ಲಿ. ಯಂತ್ರ ಸರಳವಾಗಿದ್ದರೆ ಅದರೊಳಗೆ ಕೈಹಾಕುವ ಆಸೆ ಸಹಜ. ಗಟ್ಟಿ ಸ್ಪ್ರಿಂಗು ಹಾಕಿದರೆ ಗುಂಡು ದೂರ ಹೋಗುತ್ತದೆ, ಗಾಳಿ ಸೋರದಂತೆ ಒಂದು ಒಳ್ಳೆಯ ವಾಷರು ಕೂರಿಸಿದರೆ ಇನ್ನೂ ದೂರ. ಹೀಗೆ ಶಕ್ತಿ ಹೆಚ್ಚಿಸಿದ ಬಂದೂಕುಗಳಿಂದ 2005ರಲ್ಲಿ ಕೆಲವರು ಹೆದ್ದಾರಿಯಲ್ಲಿ ಹೋಗುವ ಕಾರುಗಳ ಗಾಜಿಗೆ ಹೊಡೆದರು. 2006ರಲ್ಲಿ ಕಾನೂನು ಮತ್ತೆ ಬದಲಾಯಿತು, ಈ ಸಲ ಅಳೆದದ್ದು ಶಕ್ತಿಯನ್ನು: ಗುಂಡಿನ ಅಡ್ಡಕೊಯ್ತದ ಪ್ರತಿ ಚದರ ಸೆಂಟಿಮೀಟರಿಗೆ 3.5 ಜೂಲ್ ಮೀರುವಂತಿಲ್ಲ. 6 ಮಿಲಿಮೀಟರಿನ ಗುಂಡಿಗೆ ಲೆಕ್ಕ ಹಾಕಿದರೆ ಸುಮಾರು 0.98 ಜೂಲ್. 0.2 ಗ್ರಾಂ ತೂಕದ ಗೋಲಿ ಆಗ ಸೆಕೆಂಡಿಗೆ ಹೆಚ್ಚುಕಡಿಮೆ 99 ಮೀಟರ್ ವೇಗದಲ್ಲಿ ಹೊರಡುತ್ತದೆ. ಚರ್ಮಕ್ಕೆ ಬಿದ್ದರೆ ಚುರ್ ಎಂದು ಕೆಂಪಾಗುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು.

ಅಮೆರಿಕದಲ್ಲಿ ಲೆಕ್ಕ ತಿರುಗಮುರುಗ. ಅಲ್ಲಿ ಅಸಲಿ ಬಂದೂಕಿಗೆ ಬರವಿಲ್ಲ, ಹಾಗಾಗಿ ನಕಲಿಯನ್ನು ಯಾರೂ ನಕಲಿ ಎಂದುಕೊಳ್ಳುವುದಿಲ್ಲ. 1988ರ ಒಕ್ಕೂಟ ಕಾನೂನು ಆಟಿಕೆ ಬಂದೂಕಿನ ಬಾಯಿಗೆ ಕಿತ್ತಳೆ ಬಣ್ಣದ ಗುರುತು ಕಡ್ಡಾಯ ಮಾಡಿತು. 2014ರ ನವೆಂಬರ್ 22ರಂದು ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡಿನ ಒಂದು ಉದ್ಯಾನದಲ್ಲಿ 12 ವರ್ಷದ ತಮೀರ್ ರೈಸ್ ಎಂಬ ಕಪ್ಪು ಹುಡುಗ ಏರ್‌ಸಾಫ್ಟ್ ಪಿಸ್ತೂಲು ಹಿಡಿದು ಆಡುತ್ತಿದ್ದ. ಅದರ ಕಿತ್ತಳೆ ತುದಿ ಕಿತ್ತುಹೋಗಿತ್ತು. ಪೊಲೀಸರಿಗೆ ಫೋನು ಮಾಡಿದವರು ‘ಬಹುಶಃ ನಕಲಿ ಇರಬೇಕು’, ‘ಚಿಕ್ಕ ಹುಡುಗ ಇರಬಹುದು’ ಎಂದೂ ಹೇಳಿದ್ದರು. ಆ ಮಾತು ಜೀಪಿನಲ್ಲಿದ್ದವರಿಗೆ ತಲುಪಲಿಲ್ಲ. ಕಾರು ಬಂದು ನಿಂತ ಎರಡು ಸೆಕೆಂಡಿನೊಳಗೆ ಅಧಿಕಾರಿ ಗುಂಡು ಹಾರಿಸಿದ. ಹುಡುಗ ಮಾರನೆಯ ದಿನ ತೀರಿಕೊಂಡ. ಅಧಿಕಾರಿಯ ಮೇಲೆ ಆರೋಪಪಟ್ಟಿ ಹಾಕಲು ಗ್ರ್ಯಾಂಡ್ ಜ್ಯೂರಿ ಒಪ್ಪಲಿಲ್ಲ. ಕುಟುಂಬಕ್ಕೆ 60 ಲಕ್ಷ ಡಾಲರ್ ಕೊಡಲು ನಗರಾಡಳಿತ 2016ರಲ್ಲಿ ಒಪ್ಪಿತು. ಒಂದು ಚೂರು ಕಿತ್ತಳೆ ಪ್ಲಾಸ್ಟಿಕ್ ಇದ್ದಿದ್ದರೆ ಆ ಮಗು ಬದುಕುತ್ತಿತ್ತೇ? ಎರಡು ಸೆಕೆಂಡಿನಲ್ಲಿ ಯಾರಾದರೂ ಬಣ್ಣ ನೋಡುತ್ತಾರೆಯೇ ಎನ್ನುವುದು ನನ್ನ ಅನುಮಾನ. ಅವನ ಮೈಬಣ್ಣವನ್ನು ನೋಡಿದ್ದರು ಎನ್ನುವವರ ಮಾತನ್ನು ತಳ್ಳಿಹಾಕಲಾರೆ.

ಇಷ್ಟು ಹೇಳುವ ಹೊತ್ತಿಗೆ ಹುಡುಗ ಸ್ಪ್ರೇ ಡಬ್ಬಿ ಕೆಳಗಿಟ್ಟಿದ್ದ. ಆದರೆ ಅವನದೊಂದು ಪ್ರಶ್ನೆ: ‘ಹಾಗಾದ್ರೆ ಬಂದೂಕಿನ ಹಾಗೆ ಕಾಣದೇ ಇದ್ದರೆ ಸಾಕಾ ಮಾವ?’

ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರವೂ ಜಪಾನಿನಲ್ಲೇ ಇದೆ, ಸಮಾಧಾನದ ಉತ್ತರವಲ್ಲ. 2022ರ ಜುಲೈ 8ರಂದು ನಾರಾ ನಗರದ ಯಮಾತೊ ಸೈದೈಜಿ ರೈಲು ನಿಲ್ದಾಣದ ಹತ್ತಿರ ಮಾಜಿ ಪ್ರಧಾನಿ ಶಿಂಜೊ ಅಬೆ ಚುನಾವಣಾ ಭಾಷಣ ಮಾಡುತ್ತಿದ್ದರು. ಹಿಂದಿನಿಂದ ಬಂದವನ ಕೈಯಲ್ಲಿದ್ದದ್ದು ಎರಡು ಲೋಹದ ಪೈಪುಗಳನ್ನು ಮರದ ಹಲಗೆಗೆ ಕಪ್ಪು ಟೇಪಿನಲ್ಲಿ ಸುತ್ತಿದ ಒಂದು ಗಂಟು, ಸುಮಾರು 40 ಸೆಂಟಿಮೀಟರ್ ಉದ್ದ. ಕಂಡವರಿಗೆ ಅದು ಯಾವುದೋ ಕ್ಯಾಮೆರಾ ಸಾಮಾನಿನಂತೆ ಕಾಣಬಹುದಿತ್ತು. ಮೊದಲ ಸದ್ದಿಗೆ ಪಟಾಕಿಯೋ ಟೈರೋ ಎಂದುಕೊಂಡವರೇ ಹೆಚ್ಚು. ಅಬೆಯವರೂ ಏನೆಂದು ತಿರುಗಿ ನೋಡಿದರು. ಎರಡೂವರೆ ಸೆಕೆಂಡಿನ ನಂತರದ ಎರಡನೆಯ ಹೊಡೆತ ಅವರ ಜೀವ ತೆಗೆಯಿತು.

ಅರ್ಧ ಶತಮಾನ ಜಪಾನಿನ ಕಾನೂನು ಬಂದೂಕಿನಂತೆ ಕಾಣುವುದರ ಹಿಂದೆ ಬಿದ್ದಿತ್ತು. ಬಣ್ಣ ಹೇಳಿತು, ನಳಿಗೆ ಮುಚ್ಚಿಸಿತು, ಜೂಲುಗಳನ್ನು ಎಣಿಸಿತು. ಕೊನೆಗೆ ಕೊಂದದ್ದು ಬಂದೂಕಿನಂತೆ ಕಾಣದ, ಅಂಗಡಿಯ ಸಾಮಾನಿನಿಂದ ಮನೆಯಲ್ಲಿ ಕಟ್ಟಿದ ವಸ್ತು. ಯೊಡೊಗೊ ವಿಮಾನದಲ್ಲಿ ಆಟಿಕೆಯನ್ನು ಜನ ಬಂದೂಕೆಂದರು, ನಾರಾದಲ್ಲಿ ಬಂದೂಕನ್ನು ಯಾರೂ ಬಂದೂಕೆನ್ನಲಿಲ್ಲ. 2024ರಲ್ಲಿ ಜಪಾನಿನ ಸಂಸತ್ತು ಮತ್ತೊಮ್ಮೆ ಕಾನೂನು ತಿದ್ದಿ, ಬಂದೂಕು ಮಾಡುವ ವಿಧಾನವನ್ನು ಅಂತರ್ಜಾಲದಲ್ಲಿ ಹಾಕಿ ಅಕ್ರಮವಾಗಿ ಇಟ್ಟುಕೊಳ್ಳಲು ಪ್ರಚೋದಿಸುವುದನ್ನೂ ಅಪರಾಧ ಮಾಡಿತು. ಲೋಹ, ಬಣ್ಣ, ಶಕ್ತಿ ಎಲ್ಲ ಮುಗಿದು ಈಗ ಮಾತಿನ ಸರದಿ.

ಇದನ್ನೆಲ್ಲ ಅವನಿಗೆ ಹೇಳಬೇಕಿತ್ತೇ ಎಂದು ಅಕ್ಕ ರಾತ್ರಿ ಊಟದ ಹೊತ್ತಿಗೆ ಮುಖ ಸಿಂಡರಿಸಿದಳು. ‘ಪೆಟ್ಲು ಮಾಡುವಾಗ ಅಪ್ಪಯ್ಯ ನಿನಗೆ ಇಷ್ಟೆಲ್ಲ ಹೇಳಿದ್ರಾ?’ ಇಲ್ಲ. ಅಪ್ಪಯ್ಯ ಹೇಳಿದ್ದು ದನಗಳ ಕಡೆ ಹೊಡೀಬೇಡ ಅಂತ ಮಾತ್ರ. ಬಿದಿರಿನ ಕೊಳವೆಯನ್ನು ಹಿಡಿದು ಬೀದಿಯಲ್ಲಿ ಓಡಿದ ಹುಡುಗನನ್ನು ಕಂಡು ಯಾರೂ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ, ಅಪ್ಪಯ್ಯನಿಗೆ ಅಷ್ಟು ಸಾಕಿತ್ತು.

ಮರುದಿನ ಹೊರಡುವಾಗ ಬಾಲ್ಕನಿಯಲ್ಲಿ ಇಣುಕಿದೆ. ಹುಡುಗ ಸಿಡುಕಿನಲ್ಲೇ ಇದ್ದ, ಹಳದಿ ಬಣ್ಣವನ್ನು ಮಾತ್ರ ಸುತರಾಂ ಒಪ್ಪಲಿಲ್ಲ, ‘ಚಿಕ್ಕ ಮಕ್ಕಳದ್ದಿದ್ದ ಹಾಗಿರತ್ತೆ’ ಅಂದ. ಕಪ್ಪನ್ನೂ ಹೊಡೆದಿರಲಿಲ್ಲ. ಪೈಪು ಬೂದು ಬಣ್ಣದಲ್ಲೇ ಇತ್ತು. ನಳಿಗೆಯ ಉದ್ದಕ್ಕೂ ಕಂಪನಿಯ ಹೆಸರು, ಅಳತೆ, ಐಎಸ್‌ಐ ಗುರುತು ಓದುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು.