ಬೇಟೆಕೋವಿಯ ಸ್ಕೋಪ್: ಕರ್ನಾಟಕದಲ್ಲಿ ಅದರ ಅಳತೆಯ ಚರಿತ್ರೆ

ರೈಫಲಿನ ನಳಿಗೆಯ ಮೇಲೆ ಗುರಿ ಹಿಡಿಯಲು ಕೂರಿಸುವ ಕಿರು ದುರ್ಬೀನಿಗೆ ಸ್ಕೋಪ್ ಎಂದು ಹೆಸರು. ಅದರ ಅಳತೆಯನ್ನು ಎರಡು ಅಂಕಿಗಳಲ್ಲಿ ಹೇಳುವುದು ರೂಢಿ. 4×32 ಎಂದರೆ ಪ್ರಾಣಿ ನಾಲ್ಕು ಪಟ್ಟು ಹತ್ತಿರ ಬಂದಂತೆ ಕಾಣುತ್ತದೆ, ಮುಂದಿನ ಮಸೂರದ ಅಡ್ಡಳತೆ 32 ಮಿ.ಮೀ. 3-9×40 ಎಂದರೆ ಮೂರರಿಂದ ಒಂಬತ್ತು ಪಟ್ಟಿನವರೆಗೆ ಬೇಕಾದಷ್ಟಕ್ಕೆ ತಿರುಗಿಸಿಕೊಳ್ಳಬಹುದು, ಮಸೂರ 40 ಮಿ.ಮೀ. ಯಾವ ಕೋವಿಗೆ ಎಷ್ಟು ದೊಡ್ಡ ಸ್ಕೋಪ್ ಎಂಬುದು ಯುರೋಪು, ಅಮೆರಿಕಗಳ ಬೇಟೆಗಾರರಲ್ಲಿ ಇನ್ನೂ ಮುಗಿಯದ ಜಗಳ. ಕರ್ನಾಟಕದಲ್ಲಿ ಆ ಜಗಳ ಹುಟ್ಟಲೇ ಇಲ್ಲ ಎನ್ನಬೇಕು. ಇಲ್ಲಿನ ಕಾಡು, ಇಲ್ಲಿನ ಕೋವಿ, ಇಲ್ಲಿ ಬೇಟೆಗೆ ಕೂರುತ್ತಿದ್ದ ಹೊತ್ತು ಮೂರೂ ಸೇರಿ ದೊಡ್ಡ ಸ್ಕೋಪಿಗೆ ಜಾಗವನ್ನೇ ಬಿಡಲಿಲ್ಲ. 1972ರಲ್ಲಿ ಬಂದ ಕಾನೂನು ಬೇಟೆಗೆ ಬಹುಮಟ್ಟಿಗೆ ತಡೆ ಹಾಕಿತು.

ಸ್ಕೋಪಿನ ಹುಟ್ಟು ನಮ್ಮಲ್ಲಿಯದಲ್ಲ. 1840ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಜಾನ್ ಚಾಪ್‌ಮನ್ ಮತ್ತು ಮಾರ್ಗನ್ ಜೇಮ್ಸ್ ರೂಪಿಸಿದ ಸ್ಕೋಪು ಹೆಚ್ಚುಕಡಿಮೆ ನಳಿಗೆಯಷ್ಟೇ ಉದ್ದವಿತ್ತು. 1855ರಿಂದ ವಿಲಿಯಂ ಮಾಲ್ಕಮ್ ಅದಕ್ಕೆ ಒಳ್ಳೆಯ ಮಸೂರಗಳನ್ನು ಕೂರಿಸಿದರು. ಭಾರತದಲ್ಲಿ ಸೈನ್ಯದ ಸೇವೆ ಮಾಡಿದ್ದ ಕರ್ನಲ್ ಡೇವಿಡ್‌ಸನ್ ಅವರ ಸ್ಕೋಪನ್ನು ವಿಟ್‌ವರ್ತ್ ರೈಫಲಿನ ಎಡಮಗ್ಗುಲಿಗೆ ತಗುಲಿಸುತ್ತಿದ್ದರು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಗುರಿಕಾರರು ಬಳಸಿದ್ದು ಅದನ್ನೇ. ಸಾಮಾನ್ಯ ಬೇಟೆಗಾರನ ಕೈಗೆಟುಕಿದ್ದು ಮಾತ್ರ 1930ರಲ್ಲಿ, ವೀವರ್ ಕಂಪನಿ 330 ಎಂಬ ಅಗ್ಗದ ಸ್ಕೋಪು ತಂದಾಗ. ಅದರ ಕೊಳವೆ ಮುಕ್ಕಾಲು ಅಂಗುಲದ್ದು, ಹಿಗ್ಗಿಸುವ ಶಕ್ತಿ ಮೂರು ಪಟ್ಟಿನ ಆಸುಪಾಸು. ಜಿಂಕೆ ಹೊಡೆಯಲು ಅಷ್ಟು ಸಾಕು ಎಂಬುದು ಆ ಕಾಲದ ಲೆಕ್ಕ, ತಪ್ಪೇನೂ ಅಲ್ಲ.

ಅಳತೆಯ ಲೆಕ್ಕವನ್ನು ಬದಲಿಸಿದ್ದು ಗಾಜಿನ ಲೇಪ. ಬರಿಯ ಗಾಜಿನ ಒಂದೊಂದು ಮೈಯಲ್ಲೂ ಬೆಳಕಿನ ಸುಮಾರು ನೂರಕ್ಕೆ ನಾಲ್ಕರಷ್ಟು ಹಿಂದಿರುಗಿ ಹೋಗುತ್ತದೆ. ಒಂದು ಸ್ಕೋಪಿನಲ್ಲಿ ಇಂಥ ಹತ್ತು ಮೈಗಳಿದ್ದರೆ ಕಣ್ಣಿಗೆ ತಲುಪುವುದು ಮೂರರಲ್ಲಿ ಎರಡು ಪಾಲು ಮಾತ್ರ. 1935ರಲ್ಲಿ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಈ ನಷ್ಟ ತಡೆಯುವ ಲೇಪವನ್ನು ಕಂಡುಹಿಡಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಲ್ಯೂಪೋಲ್ಡ್ ಕಂಪನಿ ಕೊಳವೆಯೊಳಗೆ ನೈಟ್ರೋಜನ್ ತುಂಬಿ, ಒಳಗೆ ಮಂಜು ಕಟ್ಟದ ಸ್ಕೋಪುಗಳನ್ನು ಮಾಡತೊಡಗಿತು. ಅದಕ್ಕೂ ಮೊದಲಿನ ಸ್ಕೋಪೊಂದನ್ನು ಆಗುಂಬೆಯ ಆಷಾಢದಲ್ಲಿ ಹೊರಗೆ ಒಯ್ದರೆ ಕಾಣುವುದು ಬರೀ ಬಿಳುಪು.

ಇತ್ತ ಮೈಸೂರು ಸೀಮೆಯಲ್ಲಿ ಬೇಟೆಯ ದೂರವೇ ಬೇರೆ. ನಾಲೆಗಳ ಉಸ್ತುವಾರಿಗೆ ಬಂದು 1874ರಲ್ಲಿ ಚಾಮರಾಜನಗರದ ಬಳಿ ಆನೆ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್ಸನ್, ತಮ್ಮ ಅನುಭವವನ್ನು 1878ರಲ್ಲಿ ಪುಸ್ತಕ ಮಾಡಿದರು. ಅವರ ಕಾಲದ ಆನೆ ಬೇಟೆಗೆ ಬೇಕಿದ್ದದ್ದು ಹೊರಲಾರದಷ್ಟು ಭಾರದ ದಪ್ಪ ನಳಿಗೆಯ ಕೋವಿ, ಮತ್ತು ಹೆಜ್ಜೆ ಎಣಿಸುವಷ್ಟು ಹತ್ತಿರಕ್ಕೆ ಹೋಗುವ ಗುಂಡಿಗೆ. ಬಿದಿರು ಮೆಳೆ, ಲಂಟಾನದ ಪೊದೆಗಳ ನಡುವೆ ನೂರು ಗಜ ಕಣ್ಣು ಹಾಯುವುದೇ ಅಪರೂಪ. ಅಂಥಲ್ಲಿ ಒಂಬತ್ತು ಪಟ್ಟು ಹಿಗ್ಗಿಸಿ ನೋಡಿದರೆ ಕಾಣುವುದು ಒಂದು ತೇಪೆ ಕಂದು ಚರ್ಮ. ಅದು ಭುಜವೋ ತೊಡೆಯೋ ಗೊತ್ತಾಗುವುದಿಲ್ಲ.

ಬೆಂಗಳೂರಿನ ಕಡೆಗೆ ಬಂದರೆ ಕೆನೆತ್ ಆಂಡರ್ಸನ್ ಅವರನ್ನು ಬಿಟ್ಟು ಈ ವಿಷಯ ಬರೆಯುವಂತಿಲ್ಲ. 1910ರಲ್ಲಿ ಹುಟ್ಟಿ 1974ರಲ್ಲಿ ತೀರಿಕೊಂಡ ಅವರು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು, ಬಿಡುವು ಸಿಕ್ಕಾಗಲೆಲ್ಲ ಕಾಡಿಗೆ ಓಡುತ್ತಿದ್ದರು. ಕನಕಪುರ ರಸ್ತೆಯೇ ಅವರ ಮೆಚ್ಚಿನ ಕಾವೇರಿ ಸಂಗಮಕ್ಕೆ ದಾರಿ. ಅವರ ಕತೆಗಳಲ್ಲಿ ಬರುವ ಜವಳಗಿರಿ, ಗುಮ್ಮಳಾಪುರಗಳು ಈಗ ತಮಿಳುನಾಡಿನ ಗಡಿಯೊಳಗಿದ್ದರೂ ಆನೇಕಲ್ಲಿಗೆ ಹತ್ತಿರದ ಊರುಗಳು. ಅವರ ಮೊದಲ ಪುಸ್ತಕ 1954ರಲ್ಲಿ ಹೊರಬಂತು. ಕನ್ನಡ ಓದುಗರಿಗೆ ಅವರನ್ನು ಮನೆಯವರನ್ನಾಗಿ ಮಾಡಿದ್ದು ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’. ಜಾಲಹಳ್ಳಿಯ ಕುರ್ಕನೂ ಮಾಗಡಿಯ ಚಿರತೆಯೂ ನಮಗೆ ಸಿಕ್ಕಿದ್ದು ಅಲ್ಲಿಂದ.

ಆಂಡರ್ಸನ್ ಅವರ ಕೈಯಲ್ಲಿದ್ದದ್ದು .405 ವಿಂಚೆಸ್ಟರ್, 1895ರ ಮಾದರಿಯ ಲಿವರ್ ರೈಫಲು. ಸ್ಕೋಪಿನ ಚರಿತ್ರೆಗೆ ಈ ಕೋವಿ ಮುಖ್ಯ, ಏಕೆಂದರೆ ಅದಕ್ಕೆ ಸ್ಕೋಪು ಹಾಕುವುದೇ ತ್ರಾಸ. ಲಿವರು ಕೆಳಗೆಳೆದಾಗ ಬೋಲ್ಟು ಹಿಂದಕ್ಕೆ ಸರಿದು, ಖಾಲಿ ತೋಟಾ ತೆರೆದ ಬೆನ್ನಿನಿಂದ ಮೇಲಕ್ಕೆ ಹಾರುತ್ತದೆ. ಅದೇ ಜಾಗದಲ್ಲಿ ಸ್ಕೋಪಿದ್ದರೆ ತೋಟಾ ಅದಕ್ಕೆ ಬಡಿದು ಒಳಗೇ ಬೀಳುತ್ತದೆ, ಎರಡನೆಯ ಈಡಿಗೆ ಕೋವಿ ಕಚ್ಚಿಕೊಳ್ಳುತ್ತದೆ. ನರಭಕ್ಷಕ ಹುಲಿಯ ಎದುರು ಎರಡನೆಯ ಈಡೇ ಜೀವ ಉಳಿಸುವುದು. ಅದಲ್ಲದೆ ಆ ಕೋವಿಯ ಒದೆತ ಜೋರು. ಕಣ್ಣಿಗೂ ಸ್ಕೋಪಿಗೂ ನಡುವೆ ಮೂರು ನಾಲ್ಕು ಅಂಗುಲ ಅಂತರವಿಲ್ಲದಿದ್ದರೆ ಕೊಳವೆಯ ಅಂಚು ಹುಬ್ಬನ್ನು ಸೀಳುತ್ತದೆ. ಆಂಡರ್ಸನ್ ಕೋವಿಗೆ ಕಟ್ಟಿಕೊಂಡದ್ದು ಟಾರ್ಚು. ಅಟ್ಟಣೆಯ ಮೇಲೆ ಕತ್ತಲಲ್ಲಿ ಕೂತು, ಮೂಳೆ ಕಡಿಯುವ ಸದ್ದು ಕೇಳಿದ ಮೇಲೆ ಗುಂಡಿ ಒತ್ತಿ, ಹೊಳೆಯುವ ಕಣ್ಣುಗಳ ನಡುವೆ ಗುರಿಯಿಡುವುದು ಆ ಕಾಲದ ಪದ್ಧತಿ. 1926ರಲ್ಲಿ ರುದ್ರಪ್ರಯಾಗದ ಚಿರತೆಯನ್ನು ಜಿಮ್ ಕಾರ್ಬೆಟ್ ಹೊಡೆದದ್ದೂ ಮಾವಿನ ಮರದಲ್ಲಿ ಕೂತು, ಟಾರ್ಚಿನ ಬೆಳಕಿನಲ್ಲೇ.

ಅವರನ್ನೆಲ್ಲ ಕಾಡಿದ ಕೊರತೆ ಬೆಳಕಿನದು. ದೂರ ಅವರಿಗೆ ತೊಡಕಾಗಿರಲಿಲ್ಲ. ಸ್ಕೋಪಿನ ಗಾತ್ರ ಆರಿಸುವ ಶಾಸ್ತ್ರದ ಗಂಟು ಇರುವುದೂ ಇಲ್ಲೇ. ಮುಂದಿನ ಮಸೂರದ ಅಡ್ಡಳತೆಯನ್ನು ಪಟ್ಟಿನಿಂದ ಭಾಗಿಸಿದರೆ ಹಿಂಬದಿಯಿಂದ ಕಣ್ಣಿಗೆ ಬೀಳುವ ಬೆಳಕಿನ ಕಂಬಿಯ ದಪ್ಪ ಸಿಗುತ್ತದೆ. 4×32ರಲ್ಲಿ ಅದು 8 ಮಿ.ಮೀ. 3-9×40ರ ಸ್ಕೋಪನ್ನು ಮೂರಕ್ಕೆ ಇಟ್ಟರೆ 13ಕ್ಕಿಂತ ಹೆಚ್ಚು, ಒಂಬತ್ತಕ್ಕೆ ತಿರುಗಿಸಿದರೆ ನಾಲ್ಕೂವರೆಗೂ ಕಡಿಮೆ. ಕತ್ತಲಲ್ಲಿ ಹರೆಯದವರ ಕಣ್ಣಿನ ಪಾಪೆ 7 ಮಿ.ಮೀ.ವರೆಗೆ ಅರಳುತ್ತದೆ, ಐವತ್ತು ದಾಟಿದವರಿಗೆ 5 ಅರಳಿದರೆ ಹೆಚ್ಚು. ಪಾಪೆಗಿಂತ ದಪ್ಪನೆಯ ಬೆಳಕು ಕಣ್ಣಿನ ಹೊರಗೆ ಚೆಲ್ಲಿ ಹೋಗುತ್ತದೆ. ಅದಕ್ಕಿಂತ ತೆಳುವಾದರೆ ಮುಸ್ಸಂಜೆಯಲ್ಲಿ ಚಿತ್ರ ಮಂಕಾಗುತ್ತದೆ. ಅಂಗಡಿಯಲ್ಲೇ ಇದನ್ನು ಕಣ್ಣಾರೆ ನೋಡಬಹುದು. ಸ್ಕೋಪನ್ನು ತೋಳುದ್ದ ದೂರ ಹಿಡಿದು ಕಿಟಕಿಯತ್ತ ತಿರುಗಿಸಿದರೆ ಕಣ್ಣಿನ ಬದಿಯ ಗಾಜಿನ ನಡುವೆ ಒಂದು ಬೆಳ್ಳನೆಯ ಬಿಲ್ಲೆ ತೇಲುತ್ತದೆ. ಪಟ್ಟು ಏರಿಸುತ್ತ ಹೋದಂತೆ ಬಿಲ್ಲೆ ಕುಗ್ಗಿ ಸಾಸಿವೆಯಾಗುತ್ತದೆ.

ಜರ್ಮನಿ, ಆಸ್ಟ್ರಿಯಾಗಳಲ್ಲಿ ಬೆಳುದಿಂಗಳಲ್ಲಿ ಹಂದಿ ಕಾಯುವವರು 8×56 ಅನ್ನು ನೆಚ್ಚಿಕೊಂಡದ್ದು ಈ ಲೆಕ್ಕದಿಂದಲೇ: ಭಾಗಿಸಿದರೆ ನೇರ 7 ಬರುತ್ತದೆ. 56ರ ಮಸೂರ 40ರದ್ದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಬೆಳಕು ಹಿಡಿಯುತ್ತದೆ, ನಿಜ. ಆದರೆ ಅಷ್ಟಗಲದ ಗಾಜು ನಳಿಗೆಗೆ ತಾಗದಂತೆ ಸ್ಕೋಪನ್ನು ಎತ್ತರದಲ್ಲಿ ಕೂರಿಸಬೇಕು. ಆಗ ಕೆನ್ನೆ ಕೋವಿಯ ಮರವನ್ನು ಬಿಟ್ಟು ಗಾಳಿಯಲ್ಲಿ ನಿಲ್ಲುತ್ತದೆ, ಗುರಿ ತಪ್ಪುತ್ತದೆ. ಭಾರವೂ ಮೇಲೆ ಸೇರಿ ಕೋವಿ ಅತ್ತಿತ್ತ ವಾಲುತ್ತದೆ. ಕುರುಚಲು ಕಾಡಿಗೆ ನಾಲ್ಕು ಪಟ್ಟು, 32ರಿಂದ 40 ಮಿ.ಮೀ. ಮಸೂರ, ತಗ್ಗಿನಲ್ಲಿ ಕೂರಿಸಿದ್ದು: ಇದಕ್ಕಿಂತ ದೊಡ್ಡದು ಬೇಕೆನ್ನುವವರಲ್ಲಿ ಹೆಚ್ಚಿನವರು ಬೆಲೆಪಟ್ಟಿ ನೋಡಿ ಆಸೆಪಟ್ಟವರು.

ಮಲೆನಾಡಿಗರು ಸ್ಕೋಪಿನ ಮುಖವನ್ನೇ ನೋಡಲಿಲ್ಲ. ಕೇಪಿನ ಕೋವಿ, ಆಮೇಲೆ ಒಂಟಿ ನಳಿಗೆಯ ಅಥವಾ ಜೋಡುನಳಿಗೆಯ ತೋಟಾಕೋವಿ, ಅದಕ್ಕೆ ಚರೆ ಇಲ್ಲವೇ ಗುಂಡು. ನಾಯಿ ಬಿಟ್ಟು ಹಳು ನುಗ್ಗಿಸಿದರೆ ಹಂದಿ ಕಣ್ಣೆದುರು ಹಾಯುವುದು ಒಂದೆರಡು ಕ್ಷಣ. ಎರಡೂ ಕಣ್ಣು ತೆರೆದೇ ಹೊಡೆಯಬೇಕು. ಮರದ ಮೇಲೆ ಮರಸು ಕೂತವರಿಗೂ ಹಣ್ಣು ಉದುರುವ ಮರದ ಬುಡವೇ ಗುರಿ. ಕುವೆಂಪು ಅವರ ಮಲೆನಾಡಿನ ಬರಹಗಳಲ್ಲೂ ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಕೃತಿಯಲ್ಲೂ ಬರುವ ಬೇಟೆ ಈ ಹತ್ತಿರದ ಬೇಟೆಯೇ. ಕೊಡಗಿನಲ್ಲಿ ಕೋವಿ ಇಂದಿಗೂ ಕೈಲ್‌ಪೊಳ್ದು ಹಬ್ಬದಂದು ಹೂವು ಮುಡಿದು ಪೂಜೆಗೊಳ್ಳುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಅದು ಕೋವಿ ಇಟ್ಟುಕೊಳ್ಳುವ ಹಕ್ಕು, ಬೇಟೆಯಾಡುವ ಹಕ್ಕಲ್ಲ. ಹಬ್ಬದ ದಿನ ಗುಂಡು ಬೀಳುವುದು ತೆಂಗಿನಕಾಯಿಗೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಈ ಚರಿತ್ರೆಯ ಒಂದು ಪುಟ ಮುಗಿಯಿತು. ಮರುವರ್ಷವೇ ಬಂಡೀಪುರ ಹುಲಿ ಯೋಜನೆಗೆ ಸೇರಿತು, 1974ರಲ್ಲಿ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವಾಯಿತು. ಇಂದು ಬೆಂಗಳೂರಿನಲ್ಲಿ ಸ್ಕೋಪು ಕೊಳ್ಳುವವರಲ್ಲಿ ಏರ್‌ಗನ್ ಗೀಳಿನವರೂ ಇದ್ದಾರೆ. ಅವರಿಗೊಂದು ಮಾತು: ಸ್ಪ್ರಿಂಗಿನ ಏರ್‌ಗನ್ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಒದೆಯುವುದರಿಂದ, ಒಂದೇ ದಿಕ್ಕಿನ ಒದೆತಕ್ಕೆಂದು ಮಾಡಿದ ರೈಫಲಿನ ಸ್ಕೋಪು ಅದರ ಮೇಲೆ ಬಾಳುವುದಿಲ್ಲ. ಹತ್ತು ಮೀಟರ್ ಸ್ಪರ್ಧೆಗೆ ಇಳಿಯುವುದಾದರೆ ಸ್ಕೋಪೇ ನಿಷಿದ್ಧ. ಅಲ್ಲಿ ತೂತಿನ ಗುರಿಯಷ್ಟೇ.

ಈಗ ಕಾಡುಪ್ರಾಣಿಯತ್ತ ಕಾನೂನುಬದ್ಧವಾಗಿ ಗುರಿಯಿಡುವ ಕೋವಿ ಎಂದರೆ ಬಹುಮಟ್ಟಿಗೆ ಅರಣ್ಯ ಇಲಾಖೆಯ ಅರಿವಳಿಕೆ ಕೋವಿ. ಬನಶಂಕರಿ ಆರನೇ ಹಂತಕ್ಕೆ ತಾಗಿದ ತುರಹಳ್ಳಿ ಕಾಡಿನಲ್ಲಿ 2022ರ ಡಿಸೆಂಬರಿನಲ್ಲಿ ಚಿರತೆ ಕಾಣಿಸಿಕೊಂಡಾಗ ಸುತ್ತಲಿನ ಬಡಾವಣೆಗಳು ಸಂಜೆಯ ನಡಿಗೆ ಬಿಟ್ಟು ಬಾಗಿಲು ಹಾಕಿಕೊಂಡಿದ್ದವು. ಇಂಥ ಚಿರತೆಗೆ ಹಾರಿಸುವ ಡಾರ್ಟು ಸೂಜಿಯುಳ್ಳ ಸಿರಿಂಜು. ಗಾಳಿ ಅಥವಾ ಇಂಗಾಲದ ಡೈಆಕ್ಸೈಡಿನ ಒತ್ತಡದಲ್ಲಿ ನಿಧಾನಕ್ಕೆ ಹಾರಿ, ಹತ್ತಾರು ಮೀಟರಿನೊಳಗೇ ಕಣ್ಣಿಗೆ ಕಾಣುವಷ್ಟು ಬಾಗುತ್ತದೆ. ಒತ್ತಡ ಹೆಚ್ಚಾದರೆ ಸೂಜಿ ಮಾಂಸ ಹರಿದು ಮೂಳೆಗೆ ನಾಟುತ್ತದೆ, ಕಡಿಮೆಯಾದರೆ ಕಾಲ ಬುಡದಲ್ಲಿ ಬೀಳುತ್ತದೆ. ಆದ್ದರಿಂದ ಮೊದಲು ದೂರ ಅಳೆದು, ಅದಕ್ಕೆ ತಕ್ಕ ಒತ್ತಡ ಕೊಟ್ಟು, ತೊಡೆ ಅಥವಾ ಭುಜದ ದಪ್ಪ ಮಾಂಸ ಹುಡುಕಬೇಕು. ಇದಕ್ಕೂ ನಾಲ್ಕು ಪಟ್ಟಿನ ಸಣ್ಣ ಸ್ಕೋಪು ಇಲ್ಲವೇ ಕೆಂಪು ಚುಕ್ಕೆಯ ಗುರಿ ಸಾಕು. ಹತ್ತಿರ ಹೋಗುವ ಅಪಾಯವನ್ನು ಯಾವ ಮಸೂರವೂ ಕಡಿಮೆ ಮಾಡುವುದಿಲ್ಲ. ‘ಆನೆ ವೆಂಕಟೇಶ್’ ಎಂದೇ ಹೆಸರಾಗಿದ್ದ ಅರಿವಳಿಕೆ ಗುರಿಕಾರ ಎಚ್.ಎಚ್. ವೆಂಕಟೇಶ್ 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ಭೀಮ ಎಂಬ ಕಾಡಾನೆಗೆ ಚಿಕಿತ್ಸೆಗಾಗಿ ಅರಿವಳಿಕೆ ಹೊಡೆಯಲು ಹೋದರು. ಆನೆ ತಿರುಗಿ ಅಟ್ಟಿಬಂತು, ವೆಂಕಟೇಶ್ ಉಳಿಯಲಿಲ್ಲ.

1972ರ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯನ್ನು ಹಿಡಿಯುವುದೂ, ಹಿಡಿಯಲು ಯತ್ನಿಸುವುದೂ ಬೇಟೆಯೇ. ಚಿರತೆ, ಹುಲಿ, ಆನೆಗಳಂಥ, ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿಗೆ ಡಾರ್ಟು ಹೊಡೆಯಬೇಕಾದರೂ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶ ಬೇಕು. ಹಿಡಿಯುವುದಾಗಲಿ ಅರಿವಳಿಕೆ ಕೊಡುವುದಾಗಲಿ ಬೇರೆಡೆಗೆ ಸಾಗಿಸುವುದಾಗಲಿ ಸಾಧ್ಯವಿಲ್ಲ ಎಂದು ಅವರಿಗೆ ಮನವರಿಕೆಯಾಗದೆ ಕೊಲ್ಲುವ ಆದೇಶ ಹೊರಡುವಂತಿಲ್ಲ.